ಪ್ರಶ್ನೋತ್ತರ: ಸಾಕೆಟ್ ರೀಡ್‌ನಲ್ಲಿ ಸಿಲುಕಿದ ಥ್ರೆಡ್ ಬಿಡಿಸುವುದು ಹೇಗೆ?

ಪ್ರಶ್ನೆ: ನಮಸ್ಕಾರ ಸರ್. ಹಾಲಿನ ಡೇರಿಯ ತೂಕದ ಯಂತ್ರದಿಂದ ವೈಫೈ ಮೂಲಕ ತೂಕವನ್ನು ಓದಿಕೊಳ್ಳುವ ಆಂಡ್ರಾಯ್ಡ್ ಆ್ಯಪ್ ಒಂದನ್ನು ಜಾವಾದಲ್ಲಿ ಬರೆಯುತ್ತಿದ್ದೇನೆ. ಪರದೆ ಮುಚ್ಚಿದಾಗ ಓದುವ ಥ್ರೆಡ್ಡಿಗೆ (ಆ್ಯಪ್ ಒಳಗೆ ಪ್ರತ್ಯೇಕವಾಗಿ ಓಡುವ ಕೆಲಸದ ಎಳೆ) ಇಂಟರಪ್ಟ್ ಕಳುಹಿಸಿದರೂ ಅದು ಸಾಕೆಟ್ಟಿನ (ಯಂತ್ರದೊಂದಿಗಿನ ನೆಟ್‌ವರ್ಕ್ ಸಂಪರ್ಕದ ತುದಿ) ರೀಡ್‌ನಲ್ಲಿಯೇ ನಿಂತಿರುತ್ತದೆ. ಏಳೆಂಟು ಬಾರಿ ಪರದೆ ತೆರೆದು ಮುಚ್ಚಿದ ಮೇಲೆ ಡಿಬಗ್ಗರ್‌ನಲ್ಲಿ ನೋಡಿದರೆ ಅಷ್ಟೂ ಥ್ರೆಡ್‌ಗಳು ಹಾಗೆಯೇ ಉಳಿದಿವೆ. ಇವನ್ನು ನಿಲ್ಲಿಸುವ ಸರಿಯಾದ ವಿಧಾನ ಯಾವುದು?

ಉತ್ತರ: ನಮಸ್ಕಾರ. ಇಂಟರಪ್ಟ್ ಮಾಡುವುದು ಥ್ರೆಡ್ಡಿನ ಮೇಲೆ ಒಂದು ಗುರುತು ಹಾಕುವ ಕೆಲಸವನ್ನಷ್ಟೇ. ಸ್ಲೀಪ್, ವೇಟ್, ಜಾಯಿನ್‌ಗಳು ಆ ಗುರುತನ್ನು ಗಮನಿಸಿ ಹೊರಬರುತ್ತವೆ. ಸಾಮಾನ್ಯ ಸಾಕೆಟ್ಟಿನಿಂದ ಓದುತ್ತಿರುವ ಥ್ರೆಡ್ ಮಾತ್ರ ಮುಂದಿನ ಬೈಟ್ ಬರುವ ತನಕ ಕರ್ನಲ್ಲಿನೊಳಗೆ (ಆಪರೇಟಿಂಗ್ ಸಿಸ್ಟಮ್ಮಿನ ತಿರುಳು) ಮಲಗಿರುವುದರಿಂದ ಅದಕ್ಕೆ ಗುರುತು ಕಾಣುವುದೇ ಇಲ್ಲ. ಯಂತ್ರದ ಕರೆಂಟ್ ಹೋದರಂತೂ ಸಂಪರ್ಕ ಕಡಿದ ಸುದ್ದಿಯೂ ಬರುವುದಿಲ್ಲ, ಮತ್ತು ಟೈಮ್‌ಔಟ್ (ಕಾಯುವ ಗರಿಷ್ಠ ಸಮಯ) ಹೊಂದಿಸದಿದ್ದರೆ ಅದರ ಬೆಲೆ 0, ಎಂದರೆ ಮಿತಿಯಿಲ್ಲದೆ ಕಾಯುವುದು ಎಂದರ್ಥ.

ಆದ್ದರಿಂದ ಬೇರೊಂದು ಥ್ರೆಡ್ಡಿನಿಂದ ಸಾಕೆಟ್ಟನ್ನೇ ಕ್ಲೋಸ್ ಮಾಡಿ. ಆಗ ಸಿಲುಕಿದ ರೀಡ್, ದೋಷವನ್ನು ತಿಳಿಸುವ ಸಾಕೆಟ್ ಎಕ್ಸೆಪ್ಶನ್‌ನೊಂದಿಗೆ ಹೊರಬರುತ್ತದೆ. ಕ್ಲೋಸ್ ಮಾಡುವ ಮೊದಲು ‘ನಿಲ್ಲಿಸಲಾಗಿದೆ’ ಎಂಬ ವೊಲಟೈಲ್ (ಬದಲಾವಣೆ ಬೇರೆ ಥ್ರೆಡ್ಡುಗಳಿಗೂ ಕಾಣುವ) ಫ್ಲ್ಯಾಗನ್ನು ಹಾಕಿಟ್ಟುಕೊಂಡರೆ, ಕ್ಯಾಚ್‌ನಲ್ಲಿ ಅದನ್ನು ನೋಡಿ, ನೀವೇ ನಿಲ್ಲಿಸಿದ್ದೋ ನಿಜವಾದ ದೋಷವೋ ಎಂದು ತಿಳಿಯಬಹುದು. ಟಿಎಲ್ಎಸ್ (ಗೂಢಲಿಪಿಯಿಂದ ಸುರಕ್ಷಿತವಾದ) ಸಾಕೆಟ್ ಮುಚ್ಚುವಾಗ ವಿದಾಯದ ಸಂದೇಶವೂ ಹೋಗುವುದರಿಂದ, ಆ ಕೆಲಸವನ್ನು ಪರದೆಯನ್ನು ನಡೆಸುವ ಮೇನ್ ಥ್ರೆಡ್ಡಿನಲ್ಲಿ ಮಾಡಬೇಡಿ.

ಮರುಪ್ರಶ್ನೆ: 2 ಸೆಕೆಂಡಿನ ಟೈಮ್‌ಔಟ್ ಹಾಕಿ, ಪ್ರತಿ ಸಲವೂ ಫ್ಲ್ಯಾಗ್ ನೋಡಿದರೆ ಸಾಲದೇ ಸರ್? ಅಥವಾ ಕಾಟ್ಲಿನ್ ಭಾಷೆಯ, ನಡುವೆ ತಡೆದು ಮುಂದುವರಿಸಬಲ್ಲ ಹಗುರ ಕೆಲಸವಾದ ಕೊರೂಟೀನ್‌ಗೆ ಬದಲಾಯಿಸಲೇ?

ಉತ್ತರ: ಟೈಮ್‌ಔಟ್ ಖಂಡಿತ ಇರಲಿ, ಆದರೆ ಸಾಲು ಸಾಲಾಗಿ ಓದಿಕೊಡುವ ಬಫರ್ಡ್ ರೀಡರ್‌ನ ರೀಡ್‌ಲೈನ್ ಜೊತೆ ಅದನ್ನು ಬಳಸಬೇಡಿ. 12.450 ಎಂಬ ತೂಕದಲ್ಲಿ ‘12.’ ಬಂದು, ಉಳಿದದ್ದು ಬರುವಷ್ಟರಲ್ಲಿ ಟೈಮ್‌ಔಟ್ ಆಯಿತೆನ್ನಿ: ಓದಿದ ಅರ್ಧ ಸಾಲು ಕಳೆದುಹೋಗಿ, ಮುಂದಿನ ಕರೆಗೆ ‘450’ ಮಾತ್ರ ಸಿಗುತ್ತದೆ. ರೈತರ ಹಾಲಿನ ಲೆಕ್ಕದಲ್ಲಿ ಇಂಥ ತಪ್ಪು ನುಸುಳಲೇಬಾರದು. ಬೈಟ್‌ಗಳನ್ನು ನಿಮ್ಮದೇ ಬಫರ್‌ನಲ್ಲಿ ಕೂಡಿಟ್ಟು, ಸಾಲು ಪೂರ್ಣಗೊಂಡ ಮೇಲಷ್ಟೇ ಅದನ್ನು ತೂಕವೆಂದು ಪರಿಗಣಿಸಿ.

ಕೊರೂಟೀನ್‌ನಿಂದ ಈ ತೊಂದರೆ ತಾನಾಗಿ ತಪ್ಪುವುದಿಲ್ಲ. ಅದರ ‘ರನ್ ಇಂಟರಪ್ಟಿಬಲ್’ ಎಂಬ ಫಂಕ್ಷನ್ ಕೂಡ ಒಳಗೆ ಕಳುಹಿಸುವುದು ಅದೇ ಇಂಟರಪ್ಟನ್ನೇ. ಅಲ್ಲಿಯೂ ರದ್ದಾದ ಕೂಡಲೇ ಸಾಕೆಟ್ ಮುಚ್ಚುವ ಕೋಡನ್ನು ನೀವೇ ಬರೆಯಬೇಕು.