ಸೈಬೋರ್ಗ್‌ಗ ಎಲ್ಲಿ ಕೆಲಸ ಅದ ಅಲ್ಲೇ ಇರ್ಲಿ

ಹಾಂ ಯವ್ವಾ, ಮನಿ ಗ್ರೂಪ್‌ನಾಗ ನಿನ್ ಮೆಸೇಜ್ ಈಗ ನೋಡ್ದೆ, ರಾತ್ರಿ ಹಾಕೀದಿ, ನಾ ಆಗ್ಲೇ ಮಲ್ಕೊಂಡಿದ್ದೆ. ಸಾಲ್ಯಾಗ ಚಾರ್ಟ್ ಮಾಡ್ಲಾಕ ಹೇಳ್ಯಾರ, ಯಾವ ಸೂಪರ್‌ಹೀರೋ ತನ್ನ ಟೀಮ್ ಬಿಟ್ಟು ಬ್ಯಾರೆ ಟೀಮ್‌ನಾಗ ಇದ್ರ ಛಲೋ ಅಂತ, ಅದರ ಸಲುವಾಗಿ ಸಣ್ಣಾಂವ ದೋಸ್ತನ ಕೂಡ ಜಗಳಾಡಿ ಆ ಪಾರನ ಚಾರ್ಟ್ ಹರದು ಬಂದಾನ, ಟೀಚರ್ ಫೋನ್ ಮಾಡ್ಯಾರ, ಈಗ ರೊಟ್ಟಿನೂ ಮುಟ್ಟವಲ್ಲ, ಈ ಕಾಮಿಕ್ಸ್ ಹುಚ್ಚು ಬಿಡಸ್ಬೇಕೇನು ಕಾಕಾ, ಪುಸ್ತಕ ಎಲ್ಲಾ ಕಟ್ಟಿ ಅಟ್ಟದ ಮ್ಯಾಲ ಹಾಕ್ಲೇನು ಅಂತ ಕೇಳೀದಿ. ಮದಲ ಪುಸ್ತಕಕ್ಕ ಕೈ ಹಚ್ಚಬ್ಯಾಡ. ಆಮ್ಯಾಲ ಉಳದದ್ದು ಹೇಳ್ತೀನಿ, ಜರಾ ಲಂಬ ಆಗ್ತದ, ಪುರಸೊತ್ತಿದ್ದಾಗ ಕೇಳು.

ದೋಸ್ತ ಏನಂದ, ಸೈಬೋರ್ಗ್, ಅಂದ್ರ ಅರ್ಧಾ ಮನುಷ್ಯಾ ಅರ್ಧಾ ಮಷೀನ್ ಇರೋ ಕಾಮಿಕ್ಸ್ ಹೀರೋ, ಅಂವ ಜಸ್ಟಿಸ್ ಲೀಗ್ ಅನ್ನೋ ದೊಡ್ಡ ಟೀಮ್‌ನಾಗೇ ಇರ್ಬೇಕು, ಸೂಪರ್‌ಮ್ಯಾನ್ ಬ್ಯಾಟ್‌ಮ್ಯಾನ್ ಪಕ್ಕದಾಗ. ನಮ್ಮಾಂವ ಏನಂದ, ಇಲ್ಲ, ಅಂವ ಟೀನ್ ಟೈಟನ್ಸ್‌ನಾಂವ, ಅದು ಹರೇದ ಹೀರೋಗೋಳ ಟೀಮು, ವಾಪಸ್ ಅಲ್ಲಿಗೇ ಕಳಸ್ಬೇಕು. ಇಷ್ಟೇ ಅಲ್ಲ ಜಗಳ? ಪಾರಗೋಳ ಮಾತು ಅಂತ ನೀವು ನಗಬ್ಯಾಡ್ರಿ, ಇದರಾಗ ಭಾಳ ಅದ. ನಾ ಹೇಳೋದು ಬರೋಬರ್ ಕೇಳ್ರಿ, ದೊಡ್ಡ ಟೀಮಿನ ಹೆಸರು ನೋಡಿ ಯಾರನ್ನೂ ಅಲ್ಲಿಗಿ ಕಳಸಬಾರದು. ಅಲ್ಲಿ ಅವನ ಕೆಲಸ ಮಾಡಾಂವ ಮದ್ಲೇ ಒಬ್ಬಾಂವ ಇದ್ದಾನೋ ಇಲ್ಲೋ ಅದು ನೋಡ್ಬೇಕು.

ನನಗ ಹ್ಯಾಂಗ ಗೊತ್ತು ಅಂತೀರಿ? ನಾ ಪಿಯುಸಿ ಇದ್ದಾಗಿನ ಮಾತು. ಶಹಾಬಾದ್ ಮನಿ ನಿಮಗೆಲ್ಲಾ ಗೊತ್ತದಲ್ಲ, ಹಿಂದ ಫರ್ಸಿ ಕಲ್ಲಿನ ಖಣಿ, ಅದರ ಬಾಜೂಕ ಸಪಾಟ್ ಜಾಗ, ಅಲ್ಲಿ ನಮ್ಮ ಓಣಿ ಹುಡುಗ್ರು ವಾಲಿಬಾಲ್ ಆಡ್ತಿದ್ವಿ. ನಾ ಲಿಫ್ಟರ್. ಲಿಫ್ಟರ್ ಅಂದ್ರ ಮಂದಿಗಿ ಗೊತ್ತಿರಂಗಿಲ್ಲ, ಶೂಟರ್ ಹೊಡದ್ರ ಚಪ್ಪಾಳಿ, ಬಾಲ್ ಎತ್ತಿ ಕೊಟ್ಟಾಂವ ಯಾರು ಅಂತ ಯಾರೂ ಕೇಳಂಗಿಲ್ಲ. ನಮ್ಮ ಶೂಟರ್ ಎಡಗೈಯಾಂವ, ಸ್ಟೇಷನ್ ಹತ್ರ ಅವರ ಮನಿ ಇತ್ತು, ನಿಮ್ಮಪ್ಪಗ ಗೊತ್ತದ ಯಾರಂತ. ಅವನಿಗಿ ಬಾಲ್ ನೆಟ್ಟಿಗಿ ಹತ್ತಿ ಕೊಟ್ರ ಆಗ್ತಿರ್ಲಿಲ್ಲ, ಒಂದ್ ಮೊಳ ದೂರ, ಜರಾ ಎತ್ತರ, ಹಂಗ ಕೊಟ್ರ ಅಂವ ಹೊಡ್ಯೋದು ನೋಡ್ಬೇಕಿತ್ತು ನೀವು. ಅದು ನನಗಷ್ಟೇ ಗೊತ್ತಿತ್ತು, ದಿನಾ ಸಂಜಿಕ ಇಬ್ರೇ ನಿಂತು ಕತ್ತಲಾಗೋ ಮಟ ಅದನ್ನೇ ಮಾಡ್ತಿದ್ವಿ.

ಶರಣಬಸವೇಶ್ವರ ಜಾತ್ರಿ ಟೈಮಿಗಿ ಇಲ್ಲಿ ಗುಲ್ಬರ್ಗಾದಾಗ ಟೂರ್ನಮೆಂಟ್ ಇಟ್ಟಿದ್ರು, ಆವಾಗ ಗುಲ್ಬರ್ಗಾನೇ ಅಂತಿದ್ವಿ. ಇಲ್ಲಿನ ಒಂದು ದೊಡ್ಡ ಟೀಮಿನವ್ರು ಶಹಾಬಾದಿಗಿ ಬಂದು ನನ್ನ ಆಟ ನೋಡ್ಯಾರ, ಸೀದಾ ಮನಿಗಿ ಬಂದು ನಮ್ಮಣ್ಣನ ಕೂಡ ಮಾತಾಡ್ಯಾರ. ಬೂಟು, ಜರ್ಸಿ ಎಲ್ಲಾ ಕೊಡ್ತೀವಿ ಅಂದ್ರು. ಅಣ್ಣ ಹೂಂ ಅಂದ, ನನ್ನ ಯಾರೂ ಕೇಳ್ಲೇ ಇಲ್ಲ, ಆವಾಗ ಹಿರ್ಯಾರು ಹೂಂ ಅಂದ್ರ ಆಯ್ತು. ಬಂದು ನೋಡಿದ್ರ ಅವರಿಗಿ ಲಿಫ್ಟರ್ ಮದ್ಲೇ ಇದ್ದ! ಕ್ಯಾಪ್ಟನ್‌ನ ಸಗಾ ತಮ್ಮನೇ ಲಿಫ್ಟರ್. ಮತ್ತ ನನ್ನ ಯಾಕ ಕರದ್ರಿ? ನಮ್ಮ ಓಣಿ ಟೀಮಿಗಿ ಲಿಫ್ಟರ್ ಇರಬಾರದು ಅಂತ ಕರದ್ರೋ ಏನೋ, ಇವತ್ತಿಗೂ ನನಗ ಹಂಗೇ ಅನಸ್ತದ. ಜರ್ಸಿ ಹಾಕ್ಕೊಂಡು ಎಕ್ಸ್‌ಟ್ರಾ ಆಗಿ ಕುಂತೆ. ನೀರು ಕೊಡು, ಟವೆಲ್ ಹಿಡಿ, ಪಾಯಿಂಟ್ ಬರಿ, ಇಷ್ಟೇ ಕೆಲಸ. ಒಂದ್ ಬಾಲ್ ಮುಟ್ಲಿಲ್ಲ ಯವ್ವಾ. ಆ ಕಡಿ ನಮ್ಮ ಎಡಗೈಯಾಂವಗ ಬ್ಯಾರೆ ಹುಡುಗ ಲಿಫ್ಟ್ ಕೊಟ್ಟ, ಎಲ್ಲಾ ನೆಟ್ಟಿಗಿ ಬಡದು ಬಡದು ಬಿದ್ವು, ಮದಲನೇ ಮ್ಯಾಚಿಗೇ ಔಟ್. ಅಂವ ಗ್ರೌಂಡ್ ಬಿಟ್ಟು ಹೋಗಾಗ ನನ್ನ ಕಡಿ ನೋಡಿದ ನೋಡು, ಬೈದಿದ್ರ ಛಲೋ ಇತ್ತು. ಗೆದ್ದ ಮ್ಯಾಲ ದೊಡ್ಡ ಟೀಮಿನವ್ರು ಫೋಟೋ ತೆಗಸ್ಕೊಂಡ್ರು, ನಾ ಬ್ಯಾಗ್ ಕಾಯ್ಲಾಕ ನಿಂತಿದ್ದೆ, ಫೋಟೋದಾಗೂ ಇಲ್ಲ.

ಈಗ ಸೈಬೋರ್ಗ್ ನೋಡ್ರಿ. 1980ರಾಗ ಅಂವ ಹುಟ್ಟಿದ್ದೇ ಟೈಟನ್ಸ್ ಸಲುವಾಗಿ, ರಾಬಿನ್, ವಂಡರ್ ಗರ್ಲ್, ಕಿಡ್ ಫ್ಲ್ಯಾಶ್, ರೇವನ್, ಸ್ಟಾರ್‌ಫೈರ್, ಬೀಸ್ಟ್ ಬಾಯ್ ಇವರ ಜೋಡಿ. ಅರ್ಧಾ ಮೈ ಮಷೀನ್ ಆಗಿ ಹೋಗ್ಯಾದ, ಮಂದಿ ನೋಡಿದ್ರ ಹೆದರ್ತಾರ, ಅಪ್ಪನ ಮ್ಯಾಲ ಸಿಟ್ಟು, ಅಂಥಾ ಹುಡುಗಗ ಮತ್ತ ಮನುಷ್ಯಾ ಅನಸಿದ್ದು ಆ ದೋಸ್ತರ ನಡುವ. ಬೀಸ್ಟ್ ಬಾಯ್ ಕೂಡ ಅವನ ದೋಸ್ತಿ ಇಲ್ಲಂದ್ರ ಟೈಟನ್ಸ್‌ನಾಗ ರುಚಿನೇ ಇಲ್ಲ. ಅವರು ಇರೋ ಟವರ್ ಕಟ್ಟಿಸ್ದಾಂವನೂ ಇವರಪ್ಪನೇ. ಟೀಮಿನ ಮನಿನೂ ಇಂವಂದೇ ಅಂದಂಗಾಯ್ತು. 2011ರಾಗ ಪುಸ್ತಕ ತೆಗ್ಯೋರು ಎಲ್ಲಾ ಕಥಿ ಹೊಸದಾಗಿ ಶುರು ಮಾಡ್ತೀವಿ ಅಂತ ಇವನ್ನ ಜಸ್ಟಿಸ್ ಲೀಗ್‌ನ ಏಳು ಮಂದಿ ಮೂಲದವ್ರಾಗ ಕುಂದ್ರಿಸಿದ್ರು. ಹೆಸರು ದೊಡ್ಡದಾಯ್ತು, ಖರೆ. ಕೆಲಸ? ಇಲ್ಲಿಂದ ಅಲ್ಲಿಗಿ ಹೋಗ್ಲಾಕ ಬಾಗಲಾ ತೆರಿ, ಕಂಪ್ಯೂಟರ್‌ನಾಗ ಏನದ ನೋಡಿ ಹೇಳು. ಬಲಕ್ಕ ಸೂಪರ್‌ಮ್ಯಾನ್ ಇದ್ದಾನ, ವಂಡರ್ ವುಮನ್ ಇದ್ದಾಳ, ಬುದ್ಧಿಗಿ ಬ್ಯಾಟ್‌ಮ್ಯಾನ್ ಇದ್ದಾನ. ನಾ ಟವೆಲ್ ಹಿಡ್ಕೊಂಡು ಕುಂತಂಗೇ ಆಯ್ತಲ್ಲ ಅವನ ಹಣೆಬರ.

ಅಷ್ಟೇ ಅಲ್ಲ, ಯಾರ ಕುರ್ಚಿ ಹೋಯ್ತು ಅದೂ ಕೇಳ್ರಿ. 1960ರಾಗ ಲೀಗ್ ಶುರು ಆದಾಗ ಏಳನೇದಾಂವ ಮಾರ್ಶಿಯನ್ ಮ್ಯಾನ್‌ಹಂಟರ್, ಮಂಗಳ ಗ್ರಹದಾಂವ, ಹಸರು ಮೈಯಾಂವ. ಎಲ್ಲರ ಮನಸ್ಸಿಗಿ ಒಂದೇ ಸಲ ಮಾತು ಮುಟ್ಟಸ್ತಿದ್ದ ಅಂವ, ಆ ಕೆಲಸ ಸೂಪರ್‌ಮ್ಯಾನ್‌ಗೂ ಬರಂಗಿಲ್ಲ. ಅಂಥಾಂವನ ಜಾಗದಾಗ ಇವನ್ನ ಇಟ್ರು. ಇಬ್ಬರಿಗೂ ಲುಕ್ಸಾನ್, ಎರಡೂ ಟೀಮಿಗಿ ಲುಕ್ಸಾನ್. ಸಣ್ಣಾಂವ ಇದನ್ನ ಬಾಯಿಂದ ಹೇಳಿದ್ರ ಗೆಲ್ತಿದ್ದ, ಚಾರ್ಟ್ ಹರಿಯೋದು ಬೇಕಿದ್ದಿಲ್ಲ.

ಟೀಮ್ ಬದ್ಲಿ ಮಾಡೋದೇ ತಪ್ಪು ಅಂತ ನಾ ಹೇಳವಲ್ಲೆ. ಷೀ-ಹಲ್ಕ್ ನೋಡ್ರಿ, ಭಾಳ ಬಲ ಇದ್ದಾಕಿ, ಅವೆಂಜರ್ಸ್ ಅನ್ನೋ ದೊಡ್ಡ ಟೀಮ್‌ನಾಗ ಇದ್ಲು, 1984ರಾಗ ಥಿಂಗ್ ಅಂತ ಕಲ್ಲಿನ ಮೈಯಾಂವ ದೂರದ ಗ್ರಹದಾಗೇ ಉಳಕೊಂಡ, ಅವನಿದ್ದ ನಾಕು ಮಂದಿ ಟೀಮ್ ಫೆಂಟಾಸ್ಟಿಕ್ ಫೋರ್‌ನಾಗ ಭಾರ ಎತ್ತೋರು ಯಾರೂ ಉಳೀಲಿಲ್ಲ, ಈಕಿ ಬಂದು ಆ ಜಾಗ ತುಂಬಿದ್ಲು, ಎಷ್ಟ್ ಛಲೋ ಹೊಂದಿದ್ಲು! ಜಾಗ ಖಾಲಿ ಇತ್ತು, ಕೆಲಸ ಇತ್ತು. ಎಕ್ಸ್-ಮೆನ್, ಅಂದ್ರ ಹುಟ್ತಾನೇ ಶಕ್ತಿ ಇದ್ದವ್ರ ಟೀಮು, ಅದರ ಬೀಸ್ಟ್ ಹಂಗೇ. 1963ರಾಗ ಎಕ್ಸ್-ಮೆನ್ ಶುರು ಆದಾಗಿನ ಐದು ಮಂದ್ಯಾಗ ಒಬ್ಬಾಂವ, ಅಲ್ಲಿ ಬರೇ ದುಃಖ, ಮಂದಿ ದ್ವೇಷ ಮಾಡ್ತಾರ ಅನ್ನೋದೇ ಮಾತು. 1976ರ ಸುಮಾರಿಗಿ ಅವೆಂಜರ್ಸ್‌ಗಿ ಬಂದ, ನೀಲಿ ಕೂದಲಾ ಮೈತುಂಬಾ, ಹಾರ್ಕೋತ ಜಿಗ್ಕೋತ ನಕ್ಕೋತ, ಆ ಮನಿಗೇ ಕಳಾ ಬಂತು. ನನ್ನ ಕೇಳಿದ್ರ ಬೀಸ್ಟ್‌ಗ ಅವೆಂಜರ್ಸೇ ಖರೆ ಮನಿ. ಸ್ಕಾರ್ಲೆಟ್ ವಿಚ್, ಕ್ವಿಕ್‌ಸಿಲ್ವರ್ ಅವಳಿ ಜವಳಿ, ಎಕ್ಸ್-ಮೆನ್‌ನ ವೈರಿ ಮ್ಯಾಗ್ನೀಟೋನ ದುಷ್ಟರ ಗ್ಯಾಂಗಿನಾಗ ಇದ್ದವ್ರು, 1965ರಾಗ ಕ್ಯಾಪ್ಟನ್ ಅಮೆರಿಕಾನ ಕೈಕೆಳಗ ಅವೆಂಜರ್ಸ್ ಸೇರಿದ್ರು. ಬಿಲ್ಲುಗಾರ ಹಾಕ್‌ಐನೂ ಅವತ್ತೇ ಸೇರಿದ್ದು, ಅಂವನೂ ಮದಲ ಐರನ್ ಮ್ಯಾನ್ ಮ್ಯಾಲ ಬಾಣ ಹೊಡದಾಂವನೇ. ಹಳೇ ದೊಡ್ಡವ್ರು ಬಿಟ್ಟು ಹೋಗಿದ್ರು, ಟೀಮ್ ಖಾಲಿ ಇತ್ತು, ಮೂರೂ ಮಂದಿಗಿ ಕೈತುಂಬಾ ಕೆಲಸ ಸಿಕ್ತು. ಬ್ಯಾಟ್‌ಮ್ಯಾನ್ 1983ರಾಗ ಜಸ್ಟಿಸ್ ಲೀಗ್ ಬಿಟ್ಟು ಔಟ್‌ಸೈಡರ್ಸ್ ಅಂತ ತನ್ನದೇ ಟೀಮ್ ಕಟ್ಟಿದ. ಯಾಕ? ತನ್ನ ಮನುಷ್ಯಾ ಹೊರದೇಶದಾಗ ಸಿಕ್ಕೊಂಡಾನ, ಬಿಡಸ್ಕೊಂಡು ಬರೋಣು ಅಂದ್ರ ಲೀಗ್ ಬರಂಗಿಲ್ಲ ಅಂತು. ಅದು ದೊಡ್ಡದು ಬಿಟ್ಟು ಸಣ್ಣದಕ್ಕ ಹೋಗಿದ್ದು, ನನಗ ಭಾಳ ಸೇರ್ತದ.

ಸ್ಪೈಡರ್‌ಮ್ಯಾನ್ ಬಗ್ಗಿ ಎಷ್ಟ್ ಮಂದಿಗಿ ಗೊತ್ತದ? 1963ರಾಗ, ತನ್ನ ಹೆಸರಿನ ಪುಸ್ತಕದ ಮದಲನೇ ಸಂಚಿಕ್ಯಾಗೇ, ಫೆಂಟಾಸ್ಟಿಕ್ ಫೋರ್ ಸೇರ್ತೀನಿ ಅಂತ ಅವರ ಮನಿಗಿ ನುಗ್ಗಿದ್ದ, ಪಗಾರ ಛಲೋ ಇರ್ತದ ಅಂತ. ಅವ್ರು ಪಗಾರ ಇಲ್ಲಪ್ಪಾ ಅಂದ್ರು, ತಿರುಗಿ ಹೋದ. ಮನ್ಯಾಗ ದೊಡ್ಡವ್ವ ಒಬ್ಬಾಕಿ, ಬಾಡಿಗಿ ಕಟ್ಟಬೇಕು, ಪಾಪ. ಅಂವ ಒಬ್ಬನೇ ಇದ್ರೇ ಛಲೋ. ಎಕ್ಸ್-ಮೆನ್‌ನ ವೋಲ್ವರಿನ್‌ನ 2005ರಾಗ ಅವೆಂಜರ್ಸ್‌ಗಿ ಎಳದ್ರು, ಎಕ್ಸ್-ಮೆನ್‌ನಾಗೂ ಇಟ್ಕೊಂಡ್ರು, ಒಬ್ಬ ಮನುಷ್ಯಾ ಎರಡು ಕಡಿ ಹಾಜರಿ. ಪುಸ್ತಕ ಮಾರಾಟಕ್ಕ ಛಲೋ ಇರಬಹುದು, ನನ್ನ ಮನಸ್ಸಿಗಿ ಬರಂಗಿಲ್ಲ.

ಅದಕ್ಕೇ ಮತ್ತ ಹೇಳ್ತೀನಿ, ಎಲ್ಲಾರೂ ಕೇಳ್ರಿ, ದೊಡ್ಡಾಕಿನ ಮಗನೂ ಕೇಳು, ನೀನೂ ಈಗ ಬೆಂಗಳೂರಾಗ ಕಂಪನಿ ಬಿಡ್ತೀನಿ ಅಂತಿದ್ದಿ. ದೊಡ್ಡ ಟೀಮಿನ ಹೆಸರು ನೋಡಬ್ಯಾಡ್ರಿ, ಅಲ್ಲಿ ನಿಮ್ಮ ಕೆಲಸ ಮಾಡಾಂವ ಮದ್ಲೇ ಇದ್ದಾನೇನು ನೋಡ್ರಿ.

ಪುಸ್ತಕ ಅಟ್ಟಕ್ಕ ಹಾಕ್ಲೇನು ಅಂದ್ಯಲ್ಲ ಯವ್ವಾ, ಆ ಮಾತು ಕೇಳಿ ನನಗ ರಾತ್ರಿ ನಿದ್ದಿ ಬಂದಿಲ್ಲ ಅಂದ್ರ ನಂಬ್ತಿಯೇನು, ಅಲ್ಲ, ಮುಂಜಾನಿ ನೋಡಿದ್ದು, ಮುಂಜಾನಿಂದ ಚಹಾನೂ ಸೇರವಲ್ದು. ನಾ ಶಹಾಬಾದ್ ಸ್ಟೇಷನ್‌ನಾಗ ರೊಕ್ಕಾ ಕೂಡ್ಸಿ ಕೂಡ್ಸಿ ತೊಗೊಂಡ ಇಂದ್ರಜಾಲ ಕಾಮಿಕ್ಸ್, ಫ್ಯಾಂಟಮ್, ಮ್ಯಾಂಡ್ರೇಕ್, ಒಂದ್ ಟ್ರಂಕ್ ತುಂಬಾ ಇದ್ವು. ನಾ ವಾಡಿಯಾಗ ಡ್ಯೂಟಿ ಮ್ಯಾಲ ಇದ್ದಾಗ ಮನಿಗಿ ಸುಣ್ಣಾ ಹೊಡ್ಯೋ ನೆವಾ ಮಾಡಿ ಟ್ರಂಕಿಗಿ ಟ್ರಂಕೇ ರದ್ದಿಯವನಿಗಿ ತೂಗಿ ಕೊಟ್ರು. ಆ ರೊಕ್ಕದಾಗ ಒಂದು ಸ್ಟೀಲ್ ಡಬ್ಬಿ ಬಂತಂತ. ಯಾರು ಕೊಟ್ರು ಅಂತ ಹೇಳಂಗಿಲ್ಲ, ಈ ಗ್ರೂಪ್‌ನಾಗೇ ಅದಾರ, ಡಬ್ಬಿನೂ ಇನ್ನಾ ಅವರ ಅಡಗಿ ಮನ್ಯಾಗ ಅದ. ಒಂದ್ ಮಾತು ನನ್ನ ಕೇಳ್ಬೇಕಿತ್ತು. ಪಾರಗೋಳ ಪುಸ್ತಕ ಅಂದ್ರು. ಇಂದ್ರಜಾಲ 1964ರಾಗ ಶುರು ಆಗಿ 1990ಕ್ಕ ನಿಂತೇ ಹೋಯ್ತು, ಈಗ ಎಲ್ಲಿಂದ ತರ್ಲಿ? ಜೋಳದ ಚೀಲ ಕೊಡಾಗ ಎಲ್ಲಾರನ್ನೂ ಕೇಳ್ತೀರಿ, ಹಳೇ ತೊಟ್ಲಾ ಕೊಡಾಗ ಕೇಳ್ತೀರಿ, ನನ್ನ ಟ್ರಂಕಿಗಿ ಮಾತ್ರ ಕೇಳಂಗಿಲ್ಲ. ಅಣ್ಣನೂ ವಾಲಿಬಾಲಿಗಿ ನನ್ನ ಕೇಳ್ಲಿಲ್ಲ, ಟ್ರಂಕಿಗೂ ಯಾರೂ ಕೇಳ್ಲಿಲ್ಲ, ಈ ಮನ್ಯಾಗ ನನ್ನ ಮಾತಿಗಿ ಅಷ್ಟೇ ಕಿಮ್ಮತ್ತು. ಇರ್ಲಿ. ಆಮ್ಯಾಲ ಹೈದ್ರಾಬಾದಿಗಿ ಹೋದಾಗೆಲ್ಲಾ ಆಬಿಡ್ಸ್‌ನಾಗ ರವಿವಾರ ಫುಟ್‌ಪಾತ್ ಮ್ಯಾಲ ಕುಂದ್ರೋ ಹಳೇ ಪುಸ್ತಕದವರ ಕಡಿಂದ ಒಂದೊಂದೇ ಆರಿಸಿ ಆರಿಸಿ ತಂದದ್ದು ಈಗಿರೋದು, ಅದರಾಗಿಂದೇ ಸಣ್ಣಾಂವಗ ಕೊಟ್ಟದ್ದು. ಅದು ಅಟ್ಟಕ್ಕ ಹೋಗಬಾರದು, ಅಲ್ಲಿ ಗೆದ್ದಲಿ ಹತ್ತತದ.

ಹಾಂ, ಮರ್ತೇ ಬಿಟ್ಟಿದ್ದೆ, ಚಾರ್ಟ್ ಸೋಮವಾರ ಕೊಡ್ಬೇಕಂತಲ್ಲ. ಹಿಂಗ ಮಾಡು. ಇವತ್ತೇ ಸೂಪರ್ ಮಾರ್ಕೆಟ್ ಕಡಿ ಹೋಗಿ ಚಾರ್ಟ್ ಪೇಪರ್ ಎರಡು ತೊಗೊ, ಒಂದು ನಮ್ಮಾಂವಗ, ಒಂದು ಆ ಹುಡುಗಗ, ಹರದದ್ದಕ್ಕ ಬದ್ಲಿ. ಸಣ್ಣಾಂವನ ಕೈಲೇ ಕೊಡಸು, ನೀ ಕೊಡಬ್ಯಾಡ. ಹುಡುಗನ ಅವ್ವಗ ನೀನೇ ಫೋನ್ ಮಾಡಿ ಮಾತಾಡು. ರವಿವಾರ ಮುಂಜಾನಿ ಇಬ್ಬರನ್ನೂ ನನ್ನ ಕಡಿ ಕಳಸು, ಇಲ್ಲೇ ಕುಂತು ಮಾಡ್ಲಿ, ನಿಮ್ಮ ಕಾಕಿ ಸುಸಲಾ ಭಜಿ ಮಾಡ್ತಾಳ, ರೊಟ್ಟಿ ಮುಟ್ಟಂದಾಂವ ಅದನ್ನ ತಿಂತಾನ. ಚಾರ್ಟಿನ್ಯಾಗ ಹೀರೋ ಹೆಸರು, ಹಳೇ ಟೀಮು, ಹೊಸಾ ಟೀಮು, ಅಲ್ಲಿ ಅವನ ಕೆಲಸ ಏನು, ಆ ಕೆಲಸ ಅಲ್ಲಿ ಈಗ ಯಾರು ಮಾಡ್ಲತ್ತಾರ, ಇಷ್ಟ್ ಬರೀಬೇಕು, ಕಡೀದು ಖಾಲಿ ಇದ್ರೇ ಅಂವನ್ನ ಕಳಸಬೇಕು. ಸೈಬೋರ್ಗ್ ನಮ್ಮಾಂವ ಬರೀಲಿ. ದೋಸ್ತ ಲೀಗಿಗೇ ಯಾರನ್ನಾದ್ರೂ ಕಳಸ್ತೀನಿ ಅಂದ್ರ ಮಾರ್ಶಿಯನ್ ಮ್ಯಾನ್‌ಹಂಟರ್ ಹೆಸರು ಹೇಳು, ಅವನ್ನ ವಾಪಸ್ ಕುರ್ಚಿ ಮ್ಯಾಲ ಕುಂದ್ರಿಸ್ಲಿ, ಜಗಳಾನೇ ಇಲ್ಲ. ಒಂದು ನಮ್ಮ ದೇಶದಾಂವಂದೂ ಇರ್ಲಿ, ರಾಜ್ ಕಾಮಿಕ್ಸ್‌ನ ಸೂಪರ್ ಕಮಾಂಡೋ ಧ್ರುವ, ನನ್ನ ಮಗ ಬಾಡಿಗಿ ತಂದು ಓದ್ತಿದ್ದ. ಸರ್ಕಸ್‌ನಾಗ ಬೆಳದಾಂವ, ಅವ್ವ ಅಪ್ಪ ಸರ್ಕಸ್‌ನಾಗೇ ತೀರಿ ಹೋದವ್ರು, ರಾಬಿನ್‌ನ ಕಥಿನೂ ಹಂಗೇ ಅದ. ಶಕ್ತಿ ಗಿಕ್ತಿ ಏನಿಲ್ಲ, ಬುದ್ಧಿ ಮ್ಯಾಲೇ ನಡಸ್ತಾನ. ಜಸ್ಟಿಸ್ ಲೀಗಿಗಿ ಕಳಸಿದ್ರ ಆ ಕೆಲಸಕ್ಕ ಬ್ಯಾಟ್‌ಮ್ಯಾನ್ ಇದ್ದಾನ, ಟೈಟನ್ಸ್‌ನಾಗ ರಾಬಿನ್ ಇದ್ದಾನ ಖರೆ, ಆದ್ರ ಪಶುಪಕ್ಷಿ ಕೂಡ ಮಾತಾಡೋದು ರಾಬಿನ್‌ಗ ಬರಂಗಿಲ್ಲ, ಧ್ರುವಗ ಬರ್ತದ. ಟೀಚರ್‌ಗೂ ಹೊಸಾದ್ ಅನಸ್ತದ.

ಫೋಟೋ ಬೇಕಾದ್ರ ನನ್ನ ಪುಸ್ತಕ ಕತ್ತರಿಸಬ್ಯಾಡ ಅಂತ ಈಗೇ ಹೇಳಿಡು. ಜಗತ್ ಸರ್ಕಲ್ ಕಡಿ ಕಲರ್ ಜೆರಾಕ್ಸ್ ಮಾಡ್ತಾರ, ರೊಕ್ಕಾ ನಾ ಕೊಡ್ತೀನಿ. ಪುಸ್ತಕ ಒತ್ತಿ ಅಗಲ ಮಾಡಬ್ಯಾಡ ಅಂತನೂ ಹೇಳು, ಪಿನ್ ಕಿತ್ತು ಬರ್ತಾವ.