7,000ದಲ್ಲಿ ತಿಂಗಳ ದಿನಸಿ, ಯುಗಾದಿ, ಹೊಸತೊಡಕು: ನಿಮ್ಮ ಮನೆಯಲ್ಲಿ ಹೇಗೆ ಮಾಡುತ್ತೀರಿ?

ಕೇಳಿದವರು, ತುಮಕೂರು ಕ್ಯಾತ್ಸಂದ್ರ: ಮನೆಯಲ್ಲಿ ಐದು ಜನ. ಯಜಮಾನರಿಗೆ ವಸಂತನರಸಾಪುರದ ಕಡೆ ಫ್ಯಾಕ್ಟರಿ ಕೆಲಸ, ಈಗ ಓಟಿ ಇಲ್ಲ. ಬಾಡಿಗೆ, ಫೀಸು, ಸಂಘದ ಕಂತು ಕಳೆದು ಈ ತಿಂಗಳ ದಿನಸಿಗೆ ಉಳಿಯುವುದು 7,000. ಹಬ್ಬಕ್ಕೆ ನಾದಿನಿ ಮನೆಯವರು ನಾಲ್ಕು ಜನ ಬರುತ್ತಾರೆ, ಯುಗಾದಿ ಮರುದಿನದ ಹೊಸತೊಡಕು ಮುಗಿಸಿಕೊಂಡೇ ಹೋಗುವುದು. ಒಬ್ಬಟ್ಟೂ ಆಗಬೇಕು, ಬಾಡೂಟವೂ ಆಗಬೇಕು. ಅಂಗಡಿಯಲ್ಲಿ ಸಾಲ ಬರೆಸಬಾರದು. ಅನುಭವ ಇದ್ದವರು ಹೇಳಿ.

ಮಧುಗಿರಿಯಿಂದ: ಚೀಟಿ ಹಾಕಿ ತಂಗಿ, ಬೇರೆ ದಾರಿನೇ ಇಲ್ಲ. ನಾನು ಯುಗಾದಿ ಚೀಟಿ ಹಾಕುತ್ತೇನೆ. ತಿಂಗಳಿಗೆ 400, ವರ್ಷಕ್ಕೆ 4,800. ಹಬ್ಬಕ್ಕೆ ಐದು ದಿನ ಇರುವಾಗ ಸಾಮಾನು ಮನೆ ಬಾಗಿಲಿಗೆ ಬರುತ್ತದೆ. ಹೋದ ಸಲ ಬಂದದ್ದು ಹೇಳುತ್ತೇನೆ: ಎಣ್ಣೆ 5 ಪ್ಯಾಕೆಟ್, ತೊಗರಿಬೇಳೆ 3 ಕೆಜಿ, ಕಡಲೆಬೇಳೆ 1 ಕೆಜಿ, ಬೆಲ್ಲ 3 ಕೆಜಿ, ಸಕ್ಕರೆ 2, ಮೈದಾ 2, ಸೋನಾ ಮಸೂರಿ 25 ಕೆಜಿ ಒಂದು ಮೂಟೆ. ಹೊಸತೊಡಕಿನ ಬೆಳಗ್ಗೆ ಆರು ಗಂಟೆಗೆ ಮಟನ್ 2 ಕೆಜಿ. ಮೇಲೆ ಒಂದು ಸ್ಟೀಲ್ ಡಬರಿ. ಹಬ್ಬದ ವಾರ ನಾನು ಕೈಯಿಂದ ಕೊಟ್ಟದ್ದು ಹೂವಿಗೆ, ಹಾಲಿಗೆ ಅಷ್ಟೇ. ನಮ್ಮ ಬೀದಿಯಲ್ಲಿ ಎಲ್ಲರೂ ಅಂಗಡಿ ಮುಂದೆ ನಿಂತಿರುವಾಗ ನಾನು ಹೂರಣ ರುಬ್ಬುತ್ತಿದ್ದೆ.

ಕೋಲಾರದಿಂದ: ಮಧುಗಿರಿ ಅಕ್ಕನವರ ಪುಣ್ಯ ಚೆನ್ನಾಗಿದೆ. ನಮ್ಮದು ಕೇಳಿ. ತಿಂಗಳಿಗೆ 500, ಹನ್ನೊಂದು ಕಂತು ಕಟ್ಟಿ 5,500 ಆಗಿತ್ತು. ನಡೆಸುತ್ತಿದ್ದವರು ಪಕ್ಕದ ಬೀದಿಯವರೇ, ಎಷ್ಟೋ ವರ್ಷದಿಂದ ನಡೆಸುತ್ತಿದ್ದರು. ಹಬ್ಬ ಇನ್ನೊಂದು ವಾರ ಅನ್ನುವಾಗ ಮನೆಗೆ ಬೀಗ. ನನ್ನ ಹತ್ತಿರ ಇದ್ದದ್ದು ಒಂದು ಹಳದಿ ಕಾರ್ಡು. ಅದರಲ್ಲಿ ಹನ್ನೊಂದು ಮನೆಗಳಿಗೆ ಪೆನ್ನಿನ ಟಿಕ್ಕು, ಕೆಳಗೆ ಲಕ್ಷ್ಮಿ ಚಿತ್ರ. ರಸೀದಿ ಎಲ್ಲಿ ಅಂತ ಕೇಳಿದರೆ ಏನು ತೋರಿಸುವುದು? ಮಾವನ ಮನೆಯವರು ಬರುವವರಿದ್ದರು. ಸಂಘದಲ್ಲಿ 10,000 ಎತ್ತಿದೆ, ವಾರಕ್ಕೆ 230ರಂತೆ 50 ವಾರ. ಅಂದರೆ 11,500. ಹೋದ 5,500 ಬೇರೆ. ಒಂದು ಯುಗಾದಿಗೆ 17,000 ಸ್ವಾಮಿ. ಅವತ್ತು ತಿಂದ ಮಟನ್ ಇವತ್ತಿಗೂ ಅರಗಿಲ್ಲ.

ಇನ್ನೊಂದು ಮಾತು. ನೋಂದಣಿ ಇಲ್ಲದ ಚೀಟಿ ನಡೆಸುವುದೇ 1982ರ ಚಿಟ್ ಫಂಡ್ ಕಾಯ್ದೆ ಪ್ರಕಾರ ತಪ್ಪು. ಬೀದಿ ಚೀಟಿ ಯಾವುದಕ್ಕೂ ನೋಂದಣಿ ಇರುವುದಿಲ್ಲ. ದಯವಿಟ್ಟು ಇಲ್ಲಿ ಬಂದು ಚೀಟಿ ಹಾಕಿ ಅಂತ ಬುದ್ಧಿ ಹೇಳಬೇಡಿ.

ಮಧುಗಿರಿಯಿಂದ: ನಾನು ಬುದ್ಧಿ ಹೇಳಿಲ್ಲ, ಅನುಭವ ಹೇಳಿದೆ. ನಿಮ್ಮ ಬೀದಿಯವರು ಓಡಿಹೋದರೆ ನಮ್ಮ ಬೀದಿಯವರು ಕಳ್ಳರಾಗುತ್ತಾರಾ?

ತುಮಕೂರು ಮಂಡಿಪೇಟೆಯಿಂದ: ಇಬ್ಬರೂ ಸ್ವಲ್ಪ ತಡೆಯಿರಿ. ಅಕ್ಕ, ನಿಮ್ಮ ಪಟ್ಟಿಗೆ ಲೆಕ್ಕ ಹಾಕಿದೆ. ಎಣ್ಣೆ 750, ತೊಗರಿಬೇಳೆ 390, ಕಡಲೆಬೇಳೆ 90, ಬೆಲ್ಲ 180, ಸಕ್ಕರೆ 90, ಮೈದಾ 90, ಅಕ್ಕಿ 1,400, ಮಟನ್ 1,600. ಒಟ್ಟು 4,590. ನೀವು ಕಟ್ಟಿದ್ದು 4,800. ನಿಮ್ಮದೇ ದುಡ್ಡು, ವರ್ಷವಿಡೀ ಅವರ ಕೈಯಲ್ಲಿ ಓಡಾಡಿ, 210 ಕಮ್ಮಿಯಾಗಿ ವಾಪಸ್ ಬಂತು. ಸಗಟು ದರಕ್ಕೆ ತಂದವರಿಗೆ ಇನ್ನೂ ಉಳಿದಿರುತ್ತದೆ. ಡಬರಿ ಕೊಟ್ಟದ್ದು ಅದರಲ್ಲೇ.

ನಾನು ಸಾಮಾನು ತರುವುದು ಬಿಡಿಯಾಗಿ, ಮಂಡಿಪೇಟೆಯಲ್ಲೇ, ಹಬ್ಬಕ್ಕೆ ಮೂರು ವಾರ ಮುಂಚೆ. ಹಬ್ಬದ ವಾರ ಬೆಲ್ಲ ಮುಟ್ಟುವ ಹಾಗಿರುವುದಿಲ್ಲ. ಎಣ್ಣೆ ವಿಷಯ ಒಂದು ಹೇಳುತ್ತೇನೆ, ಯಾರೂ ನೋಡುವುದಿಲ್ಲ. ಪ್ಯಾಕೆಟ್ ತಿರುಗಿಸಿ ಹಿಂದೆ ಓದಿ. ಒಂದು ಲೀಟರ್ ಎಣ್ಣೆ ಅಂದರೆ 910 ಗ್ರಾಂ ಆಸುಪಾಸು ಇರಬೇಕು. ಲೀಟರ್ ಪ್ಯಾಕೆಟ್ಟಿನ ಹಾಗೇ ಕಾಣುವುದರಲ್ಲಿ 850, 800, ಕೆಲವದರಲ್ಲಿ 750 ಗ್ರಾಂ ಇರುತ್ತದೆ. ಮೊನ್ನೆ ಆಫರ್ ಅಂತ ಗುಡ್ಡೆ ಹಾಕಿದ್ದರು, 140ಕ್ಕೆ ಒಂದು. ಹಿಂದೆ ನೋಡಿದರೆ 800 ಗ್ರಾಂ. ಲೆಕ್ಕ ಹಾಕಿದರೆ ಲೀಟರಿಗೆ 159 ಬಿತ್ತು. ಪಕ್ಕದಲ್ಲೇ ಯಾರೂ ಮುಟ್ಟದೆ ಇದ್ದ 910 ಗ್ರಾಮಿನದು 152. ಜನ 140ರದ್ದನ್ನೇ ಬುಟ್ಟಿಗೆ ತುಂಬುತ್ತಿದ್ದರು.

ಮಧುಗಿರಿಯಿಂದ: 210 ರೂಪಾಯಿಗೆ ಹಬ್ಬದ ವಾರ ನೆಮ್ಮದಿಯಾಗಿ ನಿದ್ದೆ ಬರುತ್ತದೆ ಅಂದರೆ ನನಗೆ ಅದು ಅಗ್ಗವೇ. ಆ 400 ತಿಂಗಳು ತಿಂಗಳು ಮನೆಯಲ್ಲೇ ಎತ್ತಿಡಬಹುದಲ್ಲ ಅಂತ ನಿಮಗೆ ಅನ್ನಿಸಬಹುದು, ಎತ್ತಿಟ್ಟು ನೋಡಿ. ಮಗುವಿಗೆ ಜ್ವರ ಬಂದ ದಿನ ಅದು ಹೋಗುತ್ತದೆ. ಗಂಡನಿಗೆ ಪೆಟ್ರೋಲ್ ಬೇಕಾದ ದಿನ ಹೋಗುತ್ತದೆ. ಬೇರೆಯವರ ಕೈಯಲ್ಲಿದ್ದರೆ ಮಾತ್ರ ಅದು ನನ್ನ ದುಡ್ಡು.

ಶಿಡ್ಲಘಟ್ಟದಿಂದ: ಚೀಟಿಯಲ್ಲಿ ಬರುವ ಮಟನ್ ನೋಡಿದ್ದೀರಾ? ಎರಡು ಕೆಜಿಯಲ್ಲಿ ಮುಕ್ಕಾಲು ಕೆಜಿ ಮೂಳೆ, ಒಂದಿಷ್ಟು ಜವ್ವು. ನಮ್ಮಲ್ಲಿ ಗುಡ್ಡೆ ಮಾಂಸ. ಹನ್ನೆರಡು ಮನೆಯವರು ಸೇರುತ್ತೇವೆ. ಸಂತೆಯಲ್ಲಿ ಹೋದ ಸಲ 24 ಕೆಜಿ ತೂಗುವ ಕುರಿ 9,200ಕ್ಕೆ ಸಿಕ್ಕಿತು. ಕೊಯ್ದು ಹಸನು ಮಾಡಿದವರಿಗೆ 600. ತಲೆ, ಕಾಲು ನಮ್ಮೊಳಗೇ ಹರಾಜು ಹಾಕಿದೆವು, 900ಕ್ಕೆ ಹೋಯಿತು. ಉಳಿದದ್ದು 8,900, ಹನ್ನೆರಡು ಗುಡ್ಡೆ. ಗುಡ್ಡೆಗೆ 740 ಚಿಲ್ಲರೆ ಬಿತ್ತು. ಕುರಿಯ ತೂಕದಲ್ಲಿ ಅರ್ಧ ಮಾಂಸ ಅಂತ ಇಟ್ಟುಕೊಳ್ಳಿ, ಒಂದೊಂದು ಗುಡ್ಡೆ ಒಂದು ಕೆಜಿ. ಅದರಲ್ಲಿ ಈಲಿ, ಬೋಟಿ, ಚರಬಿ ಎಲ್ಲಾ ಸ್ವಲ್ಪ ಸ್ವಲ್ಪ. ಅವತ್ತು ಅಂಗಡಿಯಲ್ಲಿ 850 ಇತ್ತು, ಕ್ಯೂ ಬೇರೆ.

ಬಾಳೆ ಎಲೆ ಹಾಸಿ ಗುಡ್ಡೆ ಇಡುತ್ತಾರೆ. ಒಂದರಿಂದ ಚೂರು ತೆಗೆದು ಇನ್ನೊಂದಕ್ಕೆ ಹಾಕುತ್ತಾ, ಎಲ್ಲಾ ಒಂದೇ ಸಮ ಕಾಣುವ ತನಕ ಬಿಡುವುದಿಲ್ಲ. ಆಮೇಲೆ ಒಬ್ಬರು ಬೆನ್ನು ತಿರುಗಿಸಿ ನಿಲ್ಲಬೇಕು. ಇನ್ನೊಬ್ಬರು ಗುಡ್ಡೆಗೆ ಕೈ ತೋರಿಸಿ ಇದು ಯಾರಿಗೆ ಅನ್ನುತ್ತಾರೆ, ಬೆನ್ನು ತಿರುಗಿಸಿದವರು ಹೆಸರು ಹೇಳುತ್ತಾರೆ. ಜಗಳಕ್ಕೆ ಜಾಗವೇ ಇಲ್ಲ.

ಕೋಲಾರದಿಂದ: ಜಗಳಕ್ಕೆ ಜಾಗ ಇಲ್ಲವಂತೆ! ನಮ್ಮೂರಲ್ಲಿ ಬೋಟಿಗೋಸ್ಕರ ಅಣ್ಣ ತಮ್ಮ ಮಾತು ಬಿಟ್ಟಿದ್ದಾರೆ. 2025ರಲ್ಲಿ ಏನು ಮಾಡಿದಿರಿ? ಯುಗಾದಿ ಭಾನುವಾರ, ಹೊಸತೊಡಕು ಸೋಮವಾರ, ಅವತ್ತೇ ರಂಜಾನ್. ಕುರಿ ಸಿಕ್ಕಿತಾ?

ಶಿಡ್ಲಘಟ್ಟದಿಂದ: ಸೋಮವಾರ ನಮ್ಮಲ್ಲಿ ಅರ್ಧ ಮನೆಯವರು ಬಾಡು ಮುಟ್ಟುವುದಿಲ್ಲ. ಮಂಗಳವಾರಕ್ಕೆ ಹಾಕಿಕೊಂಡೆವು. ಎಲ್ಲರೂ ಕೊಂಡು ಮುಗಿಸಿದ ಮೇಲೆ ಕುರಿ ಸ್ವಲ್ಪ ಇಳಿದೇ ಸಿಕ್ಕಿತು. ಮುಂಚೆ ಹಬ್ಬ ಮಾಡಿದವರು ಜಾಸ್ತಿ ಕೊಟ್ಟರು, ಅಷ್ಟೇ.

ಚಿಂತಾಮಣಿಯಿಂದ: ನಮ್ಮ ಮನೆಯಲ್ಲಿ ಆ ವರ್ಷ ಸೋಮವಾರವೇ ಹಬ್ಬ, ನಮ್ಮದು ರಂಜಾನ್ ಅಲ್ವಾ. ಮುಂದಕ್ಕೆ ಹಾಕುವ ಹಾಗಿಲ್ಲ. ಬಿರಿಯಾನಿಗೆ ಮಟನ್ ಅರ್ಧಕ್ಕೆ ಇಳಿಸಿ ಉಳಿದದ್ದಕ್ಕೆ ಕೋಳಿ ಹಾಕಿದೆ. ಮಸಾಲೆ ಮಟನ್‌ನಲ್ಲೇ ಹುರಿದು, ಆ ಯಖನಿಯಲ್ಲೇ, ಅಂದರೆ ಮಟನ್ ಬೆಂದ ನೀರಲ್ಲೇ, ಅಕ್ಕಿ ಬೇಯಿಸಿದರೆ ರುಚಿ ಎಲ್ಲೂ ಹೋಗುವುದಿಲ್ಲ. ಬಂದವರು ಯಾರೂ ಕೇಳಲಿಲ್ಲ. ನೀವೂ ಮುದ್ದೆ ಮಾಡಿ ಸಹೋದರಿ, ಸಾರಿಗೆ ಆಲೂಗಡ್ಡೆ, ಒಣ ಅವರೆಬೇಳೆ ಬಿಡಿ. ಒಂದೂವರೆ ಕೆಜಿ ಮಟನ್ ಒಂಬತ್ತು ಜನಕ್ಕೆ ಆಗುತ್ತದೆ.

ಗುಬ್ಬಿಯಿಂದ: ಹೊಸತೊಡಕಿನ ಸಾರಿಗೆ ಆಲೂಗಡ್ಡೆ! ನಾದಿನಿ ಊರೆಲ್ಲಾ ಹೇಳಿಕೊಂಡು ಬರುತ್ತಾಳೆ ಅಷ್ಟೇ.

ನಾನು ಕೈ ಹಾಕುವುದು ಒಬ್ಬಟ್ಟಿನಲ್ಲಿ. ತೊಗರಿಬೇಳೆ ಒಂದು ಕೆಜಿಗೆ ಒಂದು ಕೆಜಿ ಬೆಲ್ಲ, ಅರ್ಧ ಕೆಜಿ ಮೈದಾಕ್ಕೆ ಸ್ವಲ್ಪ ಚಿರೋಟಿ ರವೆ. ನಲವತ್ತರ ಮೇಲೆ ಒಬ್ಬಟ್ಟು ಬರುತ್ತದೆ. ಬೇಳೆ ಬೆಂದ ಕಟ್ಟು ಚೆಲ್ಲಬೇಡಿ. ಅದಕ್ಕೇ ಒಂದು ಹಿಡಿ ಹೂರಣ ಕದಡಿ ಒಬ್ಬಟ್ಟಿನ ಸಾರು ಮಾಡಿದರೆ ಎರಡು ದಿನ ಬೇರೆ ಸಾರು ಬೇಡ. ಎರಡನೇ ದಿನಕ್ಕೇ ಅದು ರುಚಿ. ತುಪ್ಪ ಮಾತ್ರ ಒಬ್ಬಟ್ಟಿನ ಮೇಲೆ ನಾನೇ ಚಮಚದಲ್ಲಿ ಬಡಿಸುತ್ತೇನೆ, ಡಬ್ಬ ಪಂಕ್ತಿಗೆ ಬರುವುದಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಜಿಎಸ್‌ಟಿ 12ರಿಂದ 5ಕ್ಕೆ ಇಳೀತು ಅಂತ ಖುಷಿಪಟ್ಟದ್ದೇ ಬಂತು, ನವೆಂಬರ್ ಹೊತ್ತಿಗೆ ನಂದಿನಿ ತುಪ್ಪ ಲೀಟರಿಗೆ 700 ಆಯಿತು.

ಮಂಡಿಪೇಟೆಯಿಂದ: ತೊಗರಿ ಯಾಕೆ, ಕಡಲೆಬೇಳೆ ಹಾಕಿ. ಕೆಜಿಗೆ 40 ಉಳಿಯುತ್ತದೆ.

ಗುಬ್ಬಿಯಿಂದ: ಕಡಲೆಬೇಳೆ ಹೂರಣ ಉತ್ತರ ಕರ್ನಾಟಕದವರು ಮಾಡಲಿ, ಅವರ ಕೈಗೆ ಅದು ಬರುತ್ತದೆ. ನಮ್ಮ ಕಡೆ ಯಾರಾದರೂ ತೊಗರಿ ಬಿಟ್ಟು ಒಬ್ಬಟ್ಟು ಮಾಡುತ್ತಾರಾ? ಅಂಗಡಿ ಲೆಕ್ಕ ಮಾಡುವವರು ಒಲೆ ಮುಂದೆ ನಿಂತು ನೋಡಿ.

ಮಂಡಿಪೇಟೆಯಿಂದ: ನಮ್ಮ ಮನೆಯಲ್ಲಿ ಒಬ್ಬಟ್ಟು ತಟ್ಟುವುದು ನಾನೇ ಮೇಡಂ. ಅರ್ಧ ತೊಗರಿ, ಅರ್ಧ ಕಡಲೆ. ಇಲ್ಲಿವರೆಗೆ ಯಾರೂ ತಟ್ಟೆ ತಳ್ಳಿಲ್ಲ.

ಪಾವಗಡದಿಂದ: ಅಕ್ಕಿಗೆ ಯಾಕೆ ಇಷ್ಟು ದುಡ್ಡು ಸುರಿಯುತ್ತೀರಿ? ರೇಷನ್ ಅಕ್ಕಿ ಬರುತ್ತದಲ್ಲ. ಅಂಗಡಿಗೆ ಕೊಟ್ಟು ಮೇಲೆ ಒಂದಿಷ್ಟು ಸೇರಿಸಿದರೆ ಸೋನಾ ಮಸೂರಿ ಸಿಗುತ್ತದೆ. ನಮ್ಮ ಕಡೆ ಎಲ್ಲರೂ ಮಾಡುವುದು ಇದನ್ನೇ.

ಕೋಲಾರದಿಂದ: ಅದು ಅಪರಾಧ ಅಂತ ಗೊತ್ತಿದ್ದೂ ಬರೆಯುತ್ತೀರಲ್ಲ. ಅನ್ನಭಾಗ್ಯದ ಅಕ್ಕಿ ಮಾರಿದರೆ ಕಾರ್ಡೇ ಹೋಗುತ್ತದೆ.

ಪಾವಗಡದಿಂದ: ಕಾನೂನು ಪಾಠ ಸಾಕು ಮಾಡಿ ಸಾರ್. ಚೀಟಿಗೆ ದುಡ್ಡು ಕಟ್ಟುವಾಗ ನಿಮಗೆ 1982ರ ಕಾಯ್ದೆ ನೆನಪಾಗಿತ್ತಾ?

ಗುಬ್ಬಿಯಿಂದ: ರೇಷನ್ ಅಕ್ಕಿ ಮಾರುವ ಕರ್ಮ ಯಾಕೆ? ನೆನೆಸಿ ಇಡ್ಲಿ, ದೋಸೆಗೆ ರುಬ್ಬಿ, ಚೆನ್ನಾಗಿ ಬರುತ್ತದೆ. ಉಳಿದದ್ದು ಮಿಷನ್‌ಗೆ ಹಾಕಿಸಿ ಇಟ್ಟುಕೊಳ್ಳಿ. ಚಕ್ಕುಲಿ, ನಿಪ್ಪಟ್ಟು, ರೊಟ್ಟಿ ಎಲ್ಲಾ ಅದರಲ್ಲೇ. ನೆಂಟರಿಗೆ ಮೂರು ಹೊತ್ತೂ ಅನ್ನ ಬಡಿಸಬೇಕು ಅಂತ ಯಾರು ಹೇಳಿದ್ದು?

ತಿಪಟೂರಿನಿಂದ: ಎಲ್ಲರೂ ಬೇಳೆ, ಮಟನ್ ಅಂತಿದ್ದೀರಿ. ಕಾಯಿ ಲೆಕ್ಕ ಯಾರೂ ಹಾಕಲಿಲ್ಲ. ಒಬ್ಬಟ್ಟಿನ ಸಾರಿಗೆ ಕಾಯಿ, ಬಾಡಿನ ಸಾರಿಗೆ ಕಾಯಿ, ಕಳಶಕ್ಕೆ ಕಾಯಿ, ದೇವಸ್ಥಾನಕ್ಕೆ ಕಾಯಿ. 2025ರಲ್ಲಿ ಒಂದು ಕಾಯಿ 50 ದಾಟಿತ್ತು. ಬಿಡಿ ಕಾಯಿ ಲೆಕ್ಕದಲ್ಲಿ ತರಬೇಡಿ, ತೂಕದ ಮೇಲೆ ತನ್ನಿ. ಅಲ್ಲಾಡಿಸಿದರೆ ನೀರು ಜಾಸ್ತಿ ಕುಲುಕುವ ಕಾಯಿ ಬಿಡಿ. ನಮ್ಮ ಮನೆಯಲ್ಲಿ ಕಾಯಿಗೆ ದುಡ್ಡು ಕೊಟ್ಟ ನೆನಪಿಲ್ಲ, ತೋಟದ್ದೇ.

ಮಧುಗಿರಿಯಿಂದ: ತೋಟ ಇದ್ದವರು ಬಂದು 7,000ದ ಮನೆಗೆ ಬುದ್ಧಿ ಹೇಳುವುದು ನೋಡಿ.

ತಿಪಟೂರಿನಿಂದ: ಅಕ್ಕ, ತೋಟ ಇದ್ದವರ ಕಷ್ಟ ಕೇಳಿಬಿಡಿ ಹಾಗಾದರೆ. 2023ರಲ್ಲಿ ಉಂಡೆ ಕೊಬ್ಬರಿಗೆ ಬೆಂಬಲ ಬೆಲೆ ಕ್ವಿಂಟಾಲಿಗೆ 11,750 ಅಂತ ಇತ್ತು. ಮಾರುಕಟ್ಟೆಯಲ್ಲಿ 8,000ದ ಆಸುಪಾಸಿಗೆ ಬಿತ್ತು. ಆ ವರ್ಷ ನಮ್ಮ ಮನೆಯಲ್ಲಿ ಹೊಸತೊಡಕೇ ಆಗಲಿಲ್ಲ. ಈಗ ಬೆಲೆ ಬಂತು ಅಂದರೆ ಮರದಲ್ಲಿ ಕಾಯಿ ಇಲ್ಲ. ನುಸಿ, ಕಪ್ಪುತಲೆ ಹುಳು ಗರಿಯೆಲ್ಲಾ ಒಣಗಿಸಿದೆ. ನಾಲ್ಕು ಕಾಯಿ ಮನೆಗೆ ಇಟ್ಟುಕೊಂಡರೆ ಅದೂ ಹೊಟ್ಟೆ ಉರೀನಾ?

ಕೋಲಾರದಿಂದ: ಬೆಳೆಗಾರರ ಮಾತು ಬಂದರೆ ನಮ್ಮನ್ನೂ ಕೇಳಿ. 2023ರ ಜುಲೈನಲ್ಲಿ 15 ಕೆಜಿ ಟೊಮೆಟೊ ಬಾಕ್ಸು 2,000 ದಾಟಿದಾಗ ಊರವರೆಲ್ಲಾ ನಮ್ಮನ್ನು ಕೋಟ್ಯಧಿಪತಿ ಅಂದರು. ಅದೇ ಟೊಮೆಟೊ ರಸ್ತೆಗೆ ಸುರಿದ ವರ್ಷ ಯಾರೂ ಬರಲಿಲ್ಲ.

ಮಂಡಿಪೇಟೆಯಿಂದ: ಟೊಮೆಟೊ ಹಬ್ಬದ ಪಟ್ಟಿಯಲ್ಲೇ ಇಲ್ಲ ಸಾರ್.

ಕೇಳಿದವರು: ಎಲ್ಲರಿಗೂ ನಮಸ್ಕಾರ. ಈ ವರ್ಷಕ್ಕೆ ಚೀಟಿ ಆಗುವುದಿಲ್ಲ, ದಿನವೇ ಇಲ್ಲ. ನಮ್ಮ ಅಮ್ಮನ ಊರು ಕಳ್ಳಂಬೆಳ್ಳದ ಹತ್ತಿರ. ಬಸ್ಸು ಹೇಗೂ ಫ್ರೀ, ಹೋಗಿ ರಾಗಿ, ಕಾಯಿ ತರುತ್ತೇನೆ. ಎಣ್ಣೆ ಪ್ಯಾಕೆಟ್ ತಿರುಗಿಸಿ ನೋಡಿದೆ, ಮನೆಯಲ್ಲಿರುವುದು 750 ಗ್ರಾಂ. ಗುಡ್ಡೆ ಮಾಂಸ ನಮ್ಮ ಬೀದಿಯಲ್ಲಿ ಯಾರೂ ಮಾಡುವುದಿಲ್ಲ, ಶಿಡ್ಲಘಟ್ಟ ದೂರ. ಒಂದೂವರೆ ಕೆಜಿ ಅಂಗಡಿಯಲ್ಲೇ ತರುತ್ತೇನೆ. ಆಲೂಗಡ್ಡೆ ಹಾಕುವುದಾ ಬೇಡವಾ ಅಂತ ಮಾತ್ರ ಇನ್ನೂ ಯೋಚನೆ.

ಗುಬ್ಬಿಯಿಂದ: ಬೇಡ.

ಚಿಂತಾಮಣಿಯಿಂದ: ಹಾಕಿ. ಚಿಕ್ಕದಾಗಿ ಹೆಚ್ಚಬೇಡಿ, ಮಟನ್ ತುಂಡಿನ ಗಾತ್ರಕ್ಕೇ ಹೆಚ್ಚಿ. ಅರ್ಧ ಬೆಂದ ಮೇಲೆ ಹಾಕಿ, ಕರಗಿಹೋಗಬಾರದು.

ಮಧುಗಿರಿಯಿಂದ: ಮುಂದಿನ ವರ್ಷಕ್ಕೆ ಬೇಕಾದರೆ ಹೇಳಿ ತಂಗಿ, ನಮ್ಮ ಚೀಟಿಯವರು ಹಬ್ಬ ಆದ ತಿಂಗಳೇ ಹೊಸದು ಶುರು ಮಾಡುತ್ತಾರೆ. ಕೋಲಾರದವರು ಇದನ್ನು ಓದಬೇಡಿ.

ಕೋಲಾರದಿಂದ: ಓದಿದೆ. ಕಾರ್ಡಿನ ಬಣ್ಣ ಹಳದಿನಾ ಅಂತ ಕೇಳಿ ನೋಡಿ.

ಶಿಡ್ಲಘಟ್ಟದಿಂದ: ನಮ್ಮಲ್ಲಿ ಈ ಸಲ ಒಂದು ಪಾಲು ಉಳಿದಿದೆ, ಒಬ್ಬರು ಮನೆ ಖಾಲಿ ಮಾಡಿ ಹೋದರು. ಸುತ್ತಮುತ್ತ ಯಾರಾದರೂ ಇದ್ದರೆ ಸಂತೆಗೆ ಮುಂಚೆ ಹೇಳಿ. 700 ಮುಂಗಡ, ಉಳಿದದ್ದು ಅವತ್ತು. ತಲೆ ಮಾತ್ರ ಕೇಳಬೇಡಿ, ಅದಕ್ಕೆ ಆಗಲೇ ಇಬ್ಬರು ಕಾಯುತ್ತಿದ್ದಾರೆ.