ತಟಸ್ಥ ದೇಶವೊಂದು ಸೇನಾ ಮೈತ್ರಿಕೂಟಕ್ಕೆ ಸೇರಬೇಕೆ? ಫಿನ್ಲೆಂಡ್, ಸ್ವೀಡನ್ ಸೇರಿದ ಮೇಲೆ ಉಳಿದವರ ಮುಂದಿರುವ ಪ್ರಶ್ನೆ

ಪ್ರಶ್ನೆ: ಓದುಗ

ಫಿನ್ಲೆಂಡ್ 2023ರ ಏಪ್ರಿಲ್ 4ರಂದು ನ್ಯಾಟೊದ 31ನೆಯ ಸದಸ್ಯ ರಾಷ್ಟ್ರವಾಯಿತು. 2024ರ ಮಾರ್ಚ್ 7ರಂದು ಸ್ವೀಡನ್ 32ನೆಯದಾಯಿತು. 1814ರಿಂದ ಈಚೆಗೆ ತಾನಾಗಿ ಯಾರ ಮೇಲೂ ಯುದ್ಧ ಹೂಡದೆ, ಅದನ್ನೇ ತನ್ನ ಗುರುತು ಮಾಡಿಕೊಂಡಿದ್ದ ಸ್ವೀಡನ್, 2022ರ ಫೆಬ್ರುವರಿಯಲ್ಲಿ ರಷ್ಯಾ ಉಕ್ರೇನ್ ಮೇಲೆ ದಾಳಿ ಮಾಡಿದ ಕೆಲವೇ ತಿಂಗಳಲ್ಲಿ ಆ ನೀತಿಯನ್ನು ಕೈಬಿಟ್ಟದ್ದು ನನ್ನನ್ನು ಬಹಳ ದಿನಗಳಿಂದ ಕಾಡುತ್ತಿದೆ. ಆಸ್ಟ್ರಿಯಾ, ಐರ್ಲೆಂಡ್, ಮಾಲ್ಟಾ ಮತ್ತು ಸ್ವಿಟ್ಜರ್ಲೆಂಡ್‌ಗಳು ಇನ್ನೂ ಹೊರಗೇ ಇವೆ. ಅವುಗಳ ಮುಂದೆಯೂ ಇಂದಲ್ಲ ನಾಳೆ ಇದೇ ಪ್ರಶ್ನೆ ಬಂದು ನಿಲ್ಲುತ್ತದೆ.

ಸೇರಬೇಕೆನ್ನುವವರು ನ್ಯಾಟೊ ಒಪ್ಪಂದದ 5ನೆಯ ವಿಧಿಯನ್ನು ತೋರಿಸುತ್ತಾರೆ: ಒಬ್ಬರ ಮೇಲೆ ಆದ ದಾಳಿ ಎಲ್ಲರ ಮೇಲೆ ಆದ ದಾಳಿ. ಬೇಡವೆನ್ನುವವರು, ಯಾರದೋ ಜಗಳಕ್ಕೆ ನಮ್ಮ ಮಕ್ಕಳನ್ನು ಏಕೆ ಕಳುಹಿಸಬೇಕು ಎಂದು ಕೇಳುತ್ತಾರೆ. ಎರಡನೆಯ ಮಾತು ಹೇಡಿತನದ್ದೆಂದು ನನಗೆ ಅನ್ನಿಸುವುದಿಲ್ಲ. ನನ್ನ ನಿಜವಾದ ಸಂದೇಹ ಬೇರೆಯದು. ತಟಸ್ಥತೆ ಎಂಬುದು ಒಂದು ದೇಶವನ್ನು ಎಂದಾದರೂ ಕಾಪಾಡಿದೆಯೆ, ಅಥವಾ ಯಾರೂ ದಾಳಿ ಮಾಡದ ಕಾರಣಕ್ಕೆ ಕಾಪಾಡಿದಂತೆ ಕಾಣುತ್ತದೆಯೆ? ಇತಿಹಾಸ ಮತ್ತು ಕಾನೂನು ಬಲ್ಲವರು ವಿವರಿಸಿದರೆ ಉಪಕಾರವಾಗುತ್ತದೆ.

ಉತ್ತರ 1: ಇತಿಹಾಸಪ್ರಿಯ

ತಾನು ತಟಸ್ಥ ಎಂದು ಒಂದು ದೇಶ ಘೋಷಿಸಿಕೊಂಡ ಮಾತ್ರಕ್ಕೆ ತಟಸ್ಥತೆ ಸಿದ್ಧಿಸುವುದಿಲ್ಲ. ನೆರೆಹೊರೆಯವರು ಅದನ್ನು ಮನ್ನಿಸಬೇಕು. ಮನ್ನಿಸದಿದ್ದರೆ ಅವರಿಗೆ ನಷ್ಟವಾಗುವಂತೆ ಮಾಡುವ ಕಸುವು ಆ ದೇಶಕ್ಕೆ ಇರಬೇಕು. ಈ ಎರಡೂ ಇಲ್ಲದ ಕಡೆ ಏನಾಯಿತೆಂದು ನೋಡಿ. ಬೆಲ್ಜಿಯಂನ ತಟಸ್ಥತೆಗೆ 1839ರ ಲಂಡನ್ ಒಪ್ಪಂದದಲ್ಲಿ ಬ್ರಿಟನ್, ಫ್ರಾನ್ಸ್, ಆಸ್ಟ್ರಿಯಾ, ರಷ್ಯಾ ಮತ್ತು ಪ್ರಷ್ಯಾ ಹೀಗೆ ಐದು ಮಹಾಶಕ್ತಿಗಳು ಖಾತರಿ ನೀಡಿದ್ದವು. 1914ರ ಆಗಸ್ಟ್ 4ರಂದು ಆ ಪ್ರಷ್ಯಾದ ಉತ್ತರಾಧಿಕಾರಿಯಾದ ಜರ್ಮನಿಯೇ ಗಡಿ ದಾಟಿ ಒಳಗೆ ನುಗ್ಗಿತು. 1940ರ ಏಪ್ರಿಲ್ 9ರಂದು ಡೆನ್ಮಾರ್ಕ್ ಮತ್ತು ನಾರ್ವೆ, ಮೇ 10ರಂದು ನೆದರ್ಲೆಂಡ್ಸ್, ಬೆಲ್ಜಿಯಂ ಮತ್ತು ಲಕ್ಸೆಂಬರ್ಗ್ ದಾಳಿಗೆ ಒಳಗಾದವು. ಅದೇ ಮೇ 10ರಂದು ಬ್ರಿಟನ್ ತನ್ನ ಪಡೆಯನ್ನು ತಟಸ್ಥ ಐಸ್ಲೆಂಡ್‌ನಲ್ಲಿ ಇಳಿಸಿತೆಂಬುದನ್ನೂ ಹೇಳದೆ ಬಿಡಬಾರದು, ಏಕೆಂದರೆ ತಟಸ್ಥರ ನೆಲವನ್ನು ತುಳಿದವರು ಒಂದೇ ಪಕ್ಷದವರಲ್ಲ. ಈ ಆರೂ ದೇಶಗಳು ಅಂದು ತಟಸ್ಥವಾಗಿದ್ದವು. ಒಂಬತ್ತು ವರ್ಷಗಳ ನಂತರ, 1949ರ ಏಪ್ರಿಲ್ 4ರಂದು ವಾಷಿಂಗ್ಟನ್‌ನಲ್ಲಿ ನ್ಯಾಟೊ ಒಪ್ಪಂದಕ್ಕೆ ಸಹಿ ಮಾಡಿದ ಹನ್ನೆರಡು ದೇಶಗಳಲ್ಲಿ ಅರ್ಧ ಇವೇ ಆಗಿದ್ದವು.

ಉಳಿದುಕೊಂಡವರು ಹೇಗೆ ಉಳಿದುಕೊಂಡರು ಎಂಬುದು ಇನ್ನೂ ಮುಖ್ಯ. ಸ್ವಿಟ್ಜರ್ಲೆಂಡ್ ನಾಲ್ಕು ಲಕ್ಷಕ್ಕೂ ಹೆಚ್ಚು ಜನರನ್ನು ಸೇನೆಗೆ ಕರೆದು, ಆಲ್ಪ್ಸ್ ಪರ್ವತಗಳಲ್ಲಿ ಕೋಟೆ ಕಟ್ಟಿ, ದಾಳಿಯಾದರೆ ಗಾಟ್‌ಹಾರ್ಡ್ ಮತ್ತು ಸಿಂಪ್ಲಾನ್ ಸುರಂಗಗಳನ್ನು ಸ್ಫೋಟಿಸಲು ಸಿದ್ಧವಾಗಿ ಕುಳಿತಿತ್ತು. ಜೊತೆಗೆ ಜರ್ಮನಿಯೊಂದಿಗೆ ವ್ಯಾಪಾರವನ್ನೂ ನಡೆಸುತ್ತಿತ್ತು. ಸ್ವೀಡನ್ ಜರ್ಮನಿಗೆ ಕಬ್ಬಿಣದ ಅದಿರು ಮಾರಿತು. 1943ರವರೆಗೂ ಜರ್ಮನ್ ಸೈನಿಕರು ಸ್ವೀಡನ್ನಿನ ರೈಲುಗಳಲ್ಲಿ ಓಡಾಡಲು ಬಿಟ್ಟಿತು. ಆ ಸೈನಿಕರು ಹೋಗಿ ಬರುತ್ತಿದ್ದುದು ಪಕ್ಕದ ನಾರ್ವೆಗೆ, ಆಕ್ರಮಿತವಾಗಿದ್ದ ನಾರ್ವೆಗೆ. ಸ್ವೀಡನ್ನಿನ ತಟಸ್ಥತೆಯ ಬೆಲೆಯಲ್ಲಿ ಒಂದು ಪಾಲನ್ನು ನಾರ್ವೆಯ ಜನ ತೆತ್ತರೆಂದೇ ನನ್ನ ಅಭಿಪ್ರಾಯ.

ಫಿನ್ಲೆಂಡ್‌ನ ಅನುಭವ ಇವೆಲ್ಲಕ್ಕಿಂತ ಕಠೋರವಾದುದು. ಸೋವಿಯತ್ ಒಕ್ಕೂಟದೊಂದಿಗೆ 1932ರಲ್ಲೇ ಅನಾಕ್ರಮಣ ಒಪ್ಪಂದ ಮಾಡಿಕೊಂಡಿದ್ದರೂ 1939ರ ನವೆಂಬರ್ 30ರಂದು ಫಿನ್ಲೆಂಡ್ ಆ ಒಕ್ಕೂಟದಿಂದಲೇ ದಾಳಿಗೆ ಒಳಗಾಯಿತು. 105 ದಿನ ಹೆಚ್ಚುಕಡಿಮೆ ಒಂಟಿಯಾಗಿ ಕಾದಾಡಿ, ಸುಮಾರು ಹತ್ತರಲ್ಲಿ ಒಂದು ಪಾಲು ನೆಲವನ್ನು ಕಳೆದುಕೊಂಡು ಸಂಧಿ ಮಾಡಿಕೊಂಡಿತು. ಈ ನೆನಪನ್ನು ಹೊತ್ತ ದೇಶ ಮೈತ್ರಿಕೂಟದ ಹೊರಗಿದ್ದಾಗಲೂ ಕಡ್ಡಾಯ ಸೇನಾ ಸೇವೆಯನ್ನು ಬಿಡಲಿಲ್ಲ, ಫಿರಂಗಿಗಳನ್ನು ಮಾರಲಿಲ್ಲ. ಉಕ್ರೇನ್ 2010ರಲ್ಲಿ ಕಾನೂನಿನ ಮೂಲಕವೇ ಯಾವ ಬಣಕ್ಕೂ ಸೇರುವುದಿಲ್ಲವೆಂದು ಹೇಳಿಕೊಂಡಿತ್ತು. ಆ ಕಾನೂನು ಜಾರಿಯಲ್ಲಿದ್ದಾಗಲೇ 2014ರಲ್ಲಿ ಕ್ರಿಮಿಯಾ ಅದರ ಕೈತಪ್ಪಿತು. ರಷ್ಯಾದೊಂದಿಗೆ 1,340 ಕಿಲೋಮೀಟರ್ ಗಡಿ ಹಂಚಿಕೊಂಡಿರುವ ಫಿನ್ಲೆಂಡ್‌ನ ಜನ 2022ರ ಫೆಬ್ರುವರಿಯ ನಂತರ ಏನು ನಿರ್ಧರಿಸಬೇಕಿತ್ತು? ಅಲ್ಲಿನ ಸಂಸತ್ತು ಅರ್ಜಿಯ ಪರವಾಗಿ 188, ವಿರುದ್ಧವಾಗಿ 8 ಮತ ಹಾಕಿತು. ಅವರು ಸರಿಯಾದುದನ್ನೇ ಮಾಡಿದರು.

ಉತ್ತರ 2: ಕಾನೂನು ವಿದ್ಯಾರ್ಥಿನಿ

ಮೇಲಿನ ಉತ್ತರದ ಬಹುಪಾಲನ್ನು ಒಪ್ಪುತ್ತೇನೆ. ಆದರೆ ಅದು ಫಿನ್ಲೆಂಡ್‌ಗೆ ಕೊಟ್ಟ ಉತ್ತರ. ಅದನ್ನು ಆಸ್ಟ್ರಿಯಾದ ಮೇಲೆ ಹೊರಿಸಲಾಗದು.

ಮೊದಲಿಗೆ ಪದಗಳ ಗೊಂದಲ. ನಮ್ಮ ಪತ್ರಿಕೆಗಳಲ್ಲಿ ‘ತಟಸ್ಥ’ ಮತ್ತು ‘ಅಲಿಪ್ತ’ ಎಂಬ ಎರಡು ಮಾತುಗಳು ಒಂದರ ಜಾಗದಲ್ಲಿ ಇನ್ನೊಂದು ಬರುತ್ತವೆ. ಅಲಿಪ್ತತೆ ರಾಜಕೀಯ ನಿಲುವು; ಸರ್ಕಾರ ಬಯಸಿದಾಗ ಅದನ್ನು ಸಡಿಲಿಸಬಹುದು. ಶಾಶ್ವತ ತಟಸ್ಥತೆ ಕಾನೂನಿನ ಕಟ್ಟುಪಾಡು. 1907ರ ಹೇಗ್ ಒಪ್ಪಂದದ ಪ್ರಕಾರ ತಟಸ್ಥ ದೇಶ ಕಾದಾಡುವವರ ಪಡೆಗಳನ್ನು ತನ್ನ ನೆಲದ ಮೂಲಕ ಹಾಯಲು ಬಿಡಬಾರದು. ಅದನ್ನು ಬಲ ಪ್ರಯೋಗಿಸಿ ತಡೆದರೂ ಅದು ಹಗೆತನದ ಕೃತ್ಯವಾಗುವುದಿಲ್ಲ. ಅಂದರೆ ತಟಸ್ಥರು ಆಯುಧ ಹಿಡಿಯಬಾರದೆಂದು ಕಾನೂನು ಎಲ್ಲೂ ಹೇಳಿಲ್ಲ. ಸ್ವೀಡನ್ ಮತ್ತು ಫಿನ್ಲೆಂಡ್‌ಗಳು 1995ರಲ್ಲಿ ಐರೋಪ್ಯ ಒಕ್ಕೂಟ ಸೇರಿದ ಮೇಲೆ ಕ್ರಮೇಣ ‘ತಟಸ್ಥ’ ಎಂಬ ಮಾತನ್ನೇ ಬಿಟ್ಟು ‘ಸೇನಾ ಮೈತ್ರಿಯಿಲ್ಲದ’ ದೇಶಗಳೆಂದು ಕರೆದುಕೊಳ್ಳುತ್ತಿದ್ದವು. ಅವು ದಾಟಿದ ಹೊಳೆ ನಾವು ಭಾವಿಸಿದಷ್ಟು ಅಗಲವಾಗಿರಲಿಲ್ಲ.

ಆಸ್ಟ್ರಿಯಾದ ಕಥೆಯೇ ಬೇರೆ. ಎರಡನೆಯ ಮಹಾಯುದ್ಧದ ನಂತರ ಹತ್ತು ವರ್ಷ ಆ ದೇಶ ನಾಲ್ಕು ಶಕ್ತಿಗಳ ಸೇನೆಗಳ ಹಿಡಿತದಲ್ಲಿತ್ತು. 1955ರ ಮೇ 15ರ ಒಪ್ಪಂದದಿಂದ ಸೋವಿಯತ್ ಸೇನೆಯೂ ಸೇರಿ ಎಲ್ಲ ಪಡೆಗಳು ಹೊರನಡೆದವು. ಅದಕ್ಕೆ ದಾರಿ ಮಾಡಿದ್ದು ತಟಸ್ಥವಾಗಿರುತ್ತೇವೆಂಬ ಮಾತು. ಅದೇ ವರ್ಷ ಅಕ್ಟೋಬರ್ 26ರಂದು ಸಾಂವಿಧಾನಿಕ ಕಾನೂನಿನ ಮೂಲಕ ಆ ಮಾತನ್ನು ಉಳಿಸಿಕೊಂಡರು. ಯಾವ ಸೇನಾ ಮೈತ್ರಿಗೂ ಸೇರುವುದಿಲ್ಲ, ಪರದೇಶದ ಸೇನಾನೆಲೆಗೆ ಅವಕಾಶ ಕೊಡುವುದಿಲ್ಲ ಎಂದು ಅದರಲ್ಲಿದೆ. ಆ ದಿನವೇ ಅವರ ರಾಷ್ಟ್ರೀಯ ಹಬ್ಬ. ತಟಸ್ಥತೆಯಿಂದಲೇ ಸ್ವಾತಂತ್ರ್ಯ ಪಡೆದ ಜನರಿಗೆ ಅದನ್ನು ಬಿಡಿ ಎಂದು ಹೇಳಬೇಕಾದರೆ ಬಲವಾದ ಕಾರಣ ಬೇಕು. ಇಂದು ಅವರ ಎಂಟು ನೆರೆಗಳಲ್ಲಿ ಆರು ನ್ಯಾಟೊ ದೇಶಗಳು, ಉಳಿದೆರಡು ಸ್ವಿಟ್ಜರ್ಲೆಂಡ್ ಮತ್ತು ಲಿಕ್ಟನ್‌ಸ್ಟೈನ್. ಫಿನ್ಲೆಂಡ್‌ಗಿರುವ ಭಯ ಅವರಿಗಿಲ್ಲ. ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆ ವಿಯೆನ್ನಾದಲ್ಲಿದೆ. ಇರಾನ್ ಜೊತೆಗಿನ 2015ರ ಅಣು ಒಪ್ಪಂದ ಕುದುರಿದ್ದೂ ಅಲ್ಲಿಯೇ. ಜಗಳವಾಡುವವರು ಬಂದು ಕುಳಿತು ಮಾತನಾಡಲು ಜಗತ್ತಿಗೆ ಇಂಥ ಕೆಲವು ಊರುಗಳು ಬೇಕು.

5ನೆಯ ವಿಧಿಯನ್ನೂ ಪೂರ್ತಿಯಾಗಿ ಓದಬೇಕು. ದಾಳಿಯಾದಾಗ ಪ್ರತಿ ಸದಸ್ಯ ರಾಷ್ಟ್ರವೂ ‘ತಾನು ಅಗತ್ಯವೆಂದು ಭಾವಿಸುವ’ ಕ್ರಮ ಕೈಗೊಳ್ಳುತ್ತದೆ ಎಂದು ಅಲ್ಲಿದೆ. ಸೇನೆ ಕಳುಹಿಸಲೇಬೇಕು ಎಂದಿಲ್ಲ. ಇದುವರೆಗೆ ಆ ವಿಧಿಯನ್ನು ಬಳಸಿದ್ದು ಒಂದೇ ಸಲ, 2001ರ ಸೆಪ್ಟೆಂಬರ್ 11ರ ದಾಳಿಯ ನಂತರ. ಪ್ರತಿಯಾಗಿ ಹೊರಬೇಕಾದ ಭಾರವೂ ಕಡಿಮೆಯದಲ್ಲ: 2025ರ ಹೇಗ್ ಶೃಂಗಸಭೆಯಲ್ಲಿ ಸದಸ್ಯರು 2035ರ ವೇಳೆಗೆ ರಕ್ಷಣೆ ಮತ್ತು ಅದಕ್ಕೆ ಸಂಬಂಧಿಸಿದ ಕೆಲಸಗಳಿಗೆ ಜಿಡಿಪಿಯ ಶೇ 5ರಷ್ಟು ವೆಚ್ಚ ಮಾಡಲು ಒಪ್ಪಿದ್ದಾರೆ.

ನನಗೆ ನೋವು ತರುವ ಸಂಗತಿಯೊಂದನ್ನೂ ಹೇಳಬೇಕು. ಜರ್ಮನಿ ತಾನು ಸ್ವಿಟ್ಜರ್ಲೆಂಡ್‌ನಿಂದ ಕೊಂಡಿದ್ದ ವಿಮಾನನಿರೋಧಕ ಫಿರಂಗಿಯ ಮದ್ದುಗುಂಡುಗಳನ್ನು ಉಕ್ರೇನ್‌ಗೆ ಕಳುಹಿಸಲು 2022ರಲ್ಲಿ ಅನುಮತಿ ಕೇಳಿದಾಗ, ಇಬ್ಬರಿಗೂ ಒಂದೇ ನಿಯಮ ಎಂಬ ಕಾನೂನನ್ನು ಮುಂದಿಟ್ಟು ಸ್ವಿಸ್ ಸರ್ಕಾರ ನಿರಾಕರಿಸಿತು. ಕಾನೂನಿನ ಓದಿನಲ್ಲಿ ಅದು ಸರಿ. ದಾಳಿಗೆ ಒಳಗಾದವನನ್ನೂ ದಾಳಿ ಮಾಡಿದವನನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವೆಂದು ಮಾತ್ರ ನನ್ನಿಂದ ಹೇಳಲಾಗುವುದಿಲ್ಲ.

ಮರುಪ್ರಶ್ನೆ: ಓದುಗ

ಇಬ್ಬರಿಗೂ ಕೃತಜ್ಞತೆಗಳು. ಎರಡು ಅನುಮಾನಗಳು ಉಳಿದಿವೆ. ಸುತ್ತಲೂ ಮೈತ್ರಿಕೂಟದ ದೇಶಗಳಿರುವುದರಿಂದ ಆಸ್ಟ್ರಿಯಾ ಅಥವಾ ಐರ್ಲೆಂಡ್‌ಗೆ ಭಯವಿಲ್ಲ ಎಂದರೆ, ಬೇರೆಯವರ ಖರ್ಚಿನಲ್ಲಿ ನೆಮ್ಮದಿಯಾಗಿರುವುದು ಎಂದೇ ಅರ್ಥವಲ್ಲವೆ? ಎರಡನೆಯದಾಗಿ, ಒಮ್ಮೆ ಸೇರಿದವರು ಮನಸ್ಸು ಬದಲಾದರೆ ತಟಸ್ಥತೆಗೆ ಮರಳಲು ಸಾಧ್ಯವೆ?

ಉತ್ತರ 3: ಹಳೆಯ ಸದಸ್ಯ

ಮೊದಲ ಅನುಮಾನ ಐರ್ಲೆಂಡ್‌ಗೆ ಹೆಚ್ಚು ತಟ್ಟುತ್ತದೆ. 1949ರಲ್ಲಿ ಐರ್ಲೆಂಡ್ ನ್ಯಾಟೊ ಸೇರಲು ಒಪ್ಪದಿದ್ದುದಕ್ಕೆ ಮುಖ್ಯ ಕಾರಣ ದ್ವೀಪದ ವಿಭಜನೆ; ಉತ್ತರ ಭಾಗವನ್ನು ತನ್ನಲ್ಲಿ ಇರಿಸಿಕೊಂಡಿದ್ದ ಬ್ರಿಟನ್ ಜೊತೆ ಒಂದೇ ಕೂಟದಲ್ಲಿ ಕೂರುವುದು ಅವರಿಗೆ ಸಾಧ್ಯವಿರಲಿಲ್ಲ. ಆ ತಟಸ್ಥತೆಗೆ ಅವರು ಒಳ್ಳೆಯ ಅರ್ಥವನ್ನೂ ಕೊಟ್ಟರು: ಐರಿಷ್ ಸೈನಿಕರು 1978ರಿಂದ ಲೆಬನಾನ್‌ನಲ್ಲಿ ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯಲ್ಲಿ ದುಡಿದಿದ್ದಾರೆ, ಪ್ರಾಣವನ್ನೂ ಕೊಟ್ಟಿದ್ದಾರೆ. ಆದರೆ ಅಟ್ಲಾಂಟಿಕ್ ದಾಟುವ ಹಲವು ಸಮುದ್ರತಳದ ಕೇಬಲ್‌ಗಳು ಹಾದುಹೋಗುವ ವಿಶಾಲ ಕಡಲು ತನ್ನ ಪಾಲಿಗಿರುವಾಗ ಆ ದೇಶದ ಬಳಿ ಒಂದೂ ಜೆಟ್ ಯುದ್ಧವಿಮಾನವಿಲ್ಲ. ಇದನ್ನು ಸ್ವಿಸ್ ರೀತಿಯ ತಟಸ್ಥತೆ ಎನ್ನಲಾಗದು. ಹೊರಗೇ ಉಳಿಯುವ ಹಕ್ಕು ಐರ್ಲೆಂಡ್‌ಗೆ ಖಂಡಿತ ಇದೆ; ಹಾಗೆ ಉಳಿಯುವುದಾದರೆ ತನ್ನ ಆಕಾಶ ಮತ್ತು ಕಡಲನ್ನು ತಾನೇ ಕಾಯುವಷ್ಟು ಖರ್ಚು ಮಾಡಬೇಕು. ಸೇರುವುದಕ್ಕಿಂತ ಸೇರದಿರುವುದೇ ದುಬಾರಿಯಾಗಬಹುದೆಂಬ ಮಾತನ್ನು ಅಲ್ಲಿನ ಜನರ ಮುಂದೆ ಪ್ರಾಮಾಣಿಕವಾಗಿ ಇಡಬೇಕೆಂಬುದು ನನ್ನ ಆಗ್ರಹ.

ಸೇರುವವರಿಗೂ ಒಂದು ಎಚ್ಚರಿಕೆ ಅಗತ್ಯ. ಅರ್ಜಿ ಹಾಕಿದ ದಿನದಿಂದ ಸದಸ್ಯತ್ವ ಸಿಗುವ ದಿನದವರೆಗಿನ ಅವಧಿ ಅತ್ಯಂತ ಅಪಾಯಕಾರಿ. ಹಳೆಯ ತಟಸ್ಥತೆ ಹೋಗಿರುತ್ತದೆ, ಹೊಸ ರಕ್ಷಣೆ ಬಂದಿರುವುದಿಲ್ಲ. ಎಲ್ಲ ಸದಸ್ಯರೂ ಒಪ್ಪಬೇಕಾದ್ದರಿಂದ, ಟರ್ಕಿ ಮತ್ತು ಹಂಗೇರಿ ತಡೆದ ಕಾರಣ ಸ್ವೀಡನ್ ಸುಮಾರು 22 ತಿಂಗಳು ಕಾಯಬೇಕಾಯಿತು. ಆ ಅವಧಿಗೆಂದೇ ಬ್ರಿಟನ್ 2022ರ ಮೇ ತಿಂಗಳಲ್ಲಿ ಸ್ವೀಡನ್ ಮತ್ತು ಫಿನ್ಲೆಂಡ್‌ಗಳಿಗೆ ಭದ್ರತೆಯ ಭರವಸೆ ನೀಡಿತ್ತು. ಅಂಥ ಆಸರೆ ಇಲ್ಲದ ದೇಶ ಬೆಂಕಿ ಹೊತ್ತಿಕೊಂಡ ಮೇಲೆ ಅರ್ಜಿ ಬರೆಯಲು ಕೂರಬಾರದು.

ಇನ್ನು ಮರಳುವ ಮಾತು. ನ್ಯಾಟೊ ಒಪ್ಪಂದದ 13ನೆಯ ವಿಧಿಯಂತೆ ಒಂದು ವರ್ಷ ಮೊದಲು ತಿಳಿಸಿ ಹೊರಬರಬಹುದು. ಕಾಗದದ ಮೇಲೆ ಅಷ್ಟೇ. ಆದರೆ ಬೆಲ್ಜಿಯಂ ಇದನ್ನು ಹಿಂದೊಮ್ಮೆ ಮಾಡಿ ನೋಡಿದೆ. 1914ರ ಪಾಠದಿಂದ ತಟಸ್ಥತೆಯನ್ನು ತೊರೆದು 1920ರಲ್ಲಿ ಫ್ರಾನ್ಸ್ ಜೊತೆ ಸೇನಾ ಒಪ್ಪಂದ ಮಾಡಿಕೊಂಡಿತ್ತು. ಸೇನೆ ಇರಕೂಡದೆಂದು ಒಪ್ಪಂದವಿದ್ದ ತನ್ನ ಗಡಿ ಪ್ರದೇಶ ರೈನ್‌ಲೆಂಡ್‌ಗೆ ಜರ್ಮನಿ ಸೇನೆ ನುಗ್ಗಿಸಿದ 1936ರಲ್ಲಿ, ದೊಡ್ಡವರ ಜಗಳ ಬೇಡವೆಂದು ಮತ್ತೆ ತಟಸ್ಥತೆಗೆ ಮರಳಿತು. ಜರ್ಮನಿಗೆ ನೆಪ ಸಿಗಬಾರದೆಂದು ಫ್ರೆಂಚ್ ಸೇನೆಯೊಂದಿಗೆ ಬಹಿರಂಗವಾಗಿ ಯೋಜನೆ ಹಾಕುವುದನ್ನು ನಿಲ್ಲಿಸಿತು, ಆ ಸೇನೆಯನ್ನು ಮೊದಲೇ ಒಳಗೆ ಬಿಟ್ಟುಕೊಳ್ಳಲೂ ಒಪ್ಪಲಿಲ್ಲ. 1940ರ ಮೇ 10ರ ಮುಂಜಾನೆ ದಾಳಿಯಾದ ಮೇಲೆಯೇ ಸಹಾಯಕ್ಕೆ ಕರೆ ಹೋಯಿತು. ಧಾವಿಸಿ ಬಂದ ಫ್ರೆಂಚ್ ಪಡೆಗಳು ತಾವು ನೆಲೆ ನಿಲ್ಲಬೇಕಿದ್ದ ಕಡೆ ನೋಡಿದರೆ, ನಿರೀಕ್ಷಿಸಿದಷ್ಟು ರಕ್ಷಣಾ ಕಾಮಗಾರಿ ಅಲ್ಲಿ ಆಗಿರಲೇ ಇಲ್ಲ. ಹದಿನೆಂಟು ದಿನಗಳಲ್ಲಿ ಬೆಲ್ಜಿಯಂ ಸೇನೆ ಶರಣಾಯಿತು.